ಸ್ಕ್ರೂಡ್ರೈವರ್‌ಗೆ ಬರೀ ಪೂಜೆ ಸಾಕೆ?

ಆಯುಧಪೂಜೆಯ ದಿನ ನಮ್ಮ ಮನೆಗಳಲ್ಲಿ ಸ್ಕ್ರೂಡ್ರೈವರ್, ಕಟಿಂಗ್ ಪ್ಲೇಯರ್, ಸುತ್ತಿಗೆ ಎಲ್ಲವನ್ನೂ ಒರೆಸಿ, ಮಣೆಯ ಮೇಲೆ ಜೋಡಿಸಿ, ಅರಿಶಿನ ಕುಂಕುಮ ಹಚ್ಚಿ ಕೈ ಮುಗಿಯುತ್ತೇವೆ. ಮಾರನೆಯ ದಿನ ಅವು ಮತ್ತೆ ಅಟ್ಟದ ಡಬ್ಬ ಸೇರುತ್ತವೆ. ವರ್ಷದ ಉಳಿದ ದಿನಗಳಲ್ಲಿ ಅವನ್ನು ಕೈಯಲ್ಲಿ ಹಿಡಿಯುವುದು 'ನಮ್ಮ ಕೆಲಸ ಅಲ್ಲ'. ಓದಿದವರು ಅನ್ನಿಸಿಕೊಂಡ ನಮ್ಮ ಈ ಠೀವಿಯ ಮೇಲೆ ನನ್ನದೊಂದು ತಕರಾರಿದೆ. ಊರಿನಲ್ಲಿದ್ದಾಗ ಇದನ್ನು ಸೋಮಾರಿತನ ಅಂತ ಕ್ಷಮಿಸಬಹುದು. ಊರು ಬಿಟ್ಟು ಬಂದವನಿಗೆ ಇದು ಪ್ರಾಣಕ್ಕೇ ಕುತ್ತಾಗಬಹುದು.

ಬ್ಯಾಂಕಿನ ನೌಕರಿ ನನ್ನನ್ನು ಪುಣೆ, ಹೈದರಾಬಾದ್ ಎಲ್ಲ ಸುತ್ತಿಸಿ ಕೊನೆಗೆ ದೆಹಲಿಗೆ ತಂದು ಹಾಕಿತು. ನಿವೃತ್ತನಾದ ಮೇಲೂ ಇಲ್ಲೇ ಇದ್ದೇನೆ. ಓದಿದ್ದು ಎಂ.ಕಾಂ. ವಿದ್ಯುತ್ತಿನ ಪಾಠ ಹೈಸ್ಕೂಲಿಗೇ ಮುಗಿದಿತ್ತು. ಹೀಗಿದ್ದೂ ಧೈರ್ಯವಾಗಿ ಹೇಳುತ್ತೇನೆ: ಮನೆಯ ಗೀಸರಿನ ಥರ್ಮೋಸ್ಟಾಟ್ ಬದಲಾಯಿಸಲು ಇಂಜಿನಿಯರಿಂಗ್ ಪದವಿ ಬೇಕಿಲ್ಲ. ಸ್ವಲ್ಪ ತಿಳಿವಳಿಕೆ, ಬಹಳ ಎಚ್ಚರ, ಕೈ ಕೊಳೆ ಮಾಡಿಕೊಳ್ಳುವ ಮನಸ್ಸು, ಇಷ್ಟು ಬೇಕು.

ಊರಿನ ಓದುಗರಿಗೆ ಗೀಸರ್ ಯಾಕಿಷ್ಟು ದೊಡ್ಡ ವಿಷಯ ಅನ್ನಿಸೀತು. ನಿಮ್ಮಲ್ಲಿ ಬಚ್ಚಲ ಒಲೆಯ ಹಂಡೆ ಹೋಗಿ ಗೀಸರ್ ಬಂದಿದ್ದರೂ, ಅದು ಒಂದು ದಿನ ಕೈಕೊಟ್ಟರೆ ತಣ್ಣೀರಲ್ಲಿ ನಾಲ್ಕು ಚೊಂಬು ಸುರಿದುಕೊಂಡು ಆಚೆ ಬರಬಹುದು. ದೆಹಲಿಯ ಜನವರಿಯಲ್ಲಿ ಬೆಳಗಿನ ಉಷ್ಣಾಂಶ 4-5 ಡಿಗ್ರಿಗೆ ಇಳಿಯುತ್ತದೆ. ನಲ್ಲಿ ನೀರಿಗೆ ಕೈಯೊಡ್ಡಿದರೆ ಬೆರಳು ಮರಗಟ್ಟುತ್ತದೆ. ಮನೆಯಲ್ಲಿ ವಯಸ್ಸಾದವರೋ ಕೂಸೋ ಇದ್ದರಂತೂ ಕೇಳಲೇಬೇಡಿ.

ಊರಿನಲ್ಲಾದರೆ ಬೀದಿ ಕೊನೆಯ ಎಲೆಕ್ಟ್ರಿಕಲ್ ಅಂಗಡಿಯ ಹುಡುಗನಿಗೆ ಹೇಳಿ ಕಳಿಸುತ್ತೀರಿ. ಅವನ ಅಪ್ಪನೂ ನಿಮಗೆ ಗೊತ್ತು, ನಿಮ್ಮ ಮನೆಯ ವೈರಿಂಗೂ ಅವನಿಗೆ ಗೊತ್ತು. ಇಲ್ಲಿ ಫೋನ್ ಮಾಡಿದರೆ ಮೂರನೆಯ ದಿನ ಯಾರೋ ಬರುತ್ತಾರೆ. ಮುಚ್ಚಳ ತೆಗೆದ ಹಾಗೆ ಮಾಡಿ, 'ಟಂಕಿ ಗಲ್ ಗಯೀ ಹೈ ಸಾಬ್' ಅಂತಾರೆ. ಟ್ಯಾಂಕು ತುಕ್ಕು ಹಿಡಿದು ಹೋಗಿದೆ, ಹೊಸ ಗೀಸರ್ ಹಾಕಿಸಿ ಅಂತ ಅರ್ಥ. ಟ್ಯಾಂಕಿಂದ ಒಂದು ಹನಿ ಸೋರಿರುವುದಿಲ್ಲ! ಕೆಲವು ನೂರು ರೂಪಾಯಿಯ ಥರ್ಮೋಸ್ಟಾಟ್ ಕೆಟ್ಟಿದ್ದಕ್ಕೆ ಸಾವಿರಾರು ರೂಪಾಯಿಯ ಗೀಸರ್ ಮನೆಗೆ ಬರುತ್ತದೆ. ಯಾಕೆ ಅಂತ ಕೇಳೋಣವೆಂದರೆ ನಮ್ಮ ಬಾಯಲ್ಲಿ ಆ ಹಿಂದಿ ಇಲ್ಲ, ತಲೆಯಲ್ಲಿ ಆ ಗೀಸರಿನ ಒಳಗು ಇಲ್ಲ. ಹೊರನಾಡಿನಲ್ಲಿ ಅಜ್ಞಾನಕ್ಕೆ ಹೀಗೆ ಎರಡೆರಡು ಸಲ ದಂಡ ಕಟ್ಟಬೇಕು.

ಅಷ್ಟಕ್ಕೂ ಒಳಗೆ ಏನಿದೆ ಅಂತೀರಿ? ನೀರು ಕಾಯಿಸುವ ಎಲಿಮೆಂಟ್ ಒಂದು. ನೀರು ಬೇಕಾದಷ್ಟು ಕಾದಾಗ ಕರೆಂಟ್ ಕಡಿದು, ತಣ್ಣಗಾದಾಗ ಮತ್ತೆ ಕೊಡುವ ಥರ್ಮೋಸ್ಟಾಟ್ ಒಂದು. ಥರ್ಮೋಸ್ಟಾಟೇ ಕೈಕೊಟ್ಟು ನೀರು ಮಿತಿಮೀರಿ ಕಾದರೆ ಕರೆಂಟ್ ಕಡಿಯುವ ಕಟ್‌ಔಟ್ ಇನ್ನೊಂದು. ಥರ್ಮೋಸ್ಟಾಟ್ ಒಳಗಿನ ಸಂಪರ್ಕ ಬಿಟ್ಟುಹೋದರೆ ನೀರು ಕಾಯುವುದೇ ಇಲ್ಲ. ಅಂಟಿಕೊಂಡುಬಿಟ್ಟರೆ ಕಾಯುವುದು ನಿಲ್ಲುವುದೇ ಇಲ್ಲ. ಎರಡನೆಯದು ಅಪಾಯದ್ದು. ನಲ್ಲಿಯಲ್ಲಿ ಹಬೆ ಬುಸುಗುಟ್ಟುತ್ತಿದ್ದರೂ 'ನಮ್ಮ ಗೀಸರ್ ಬಹಳ ಚೆನ್ನಾಗಿ ಕಾಯಿಸುತ್ತೆ' ಅಂತ ಮೆಚ್ಚಿಕೊಳ್ಳುವವರನ್ನು ನೋಡಿದ್ದೇನೆ.

ಪತ್ತೆ ಹಚ್ಚಲು ಒಂದು ಸಾಧಾರಣ ಮಲ್ಟಿಮೀಟರ್ ಸಾಕು. ಮೊದಲು ಎಂಸಿಬಿ ಕೆಳಗೆ ಮಾಡಿ, ಪ್ಲಗ್ ಕಿತ್ತು ಕಣ್ಣೆದುರಿಗೆ ಇಟ್ಟುಕೊಳ್ಳಬೇಕು. ಪ್ಲಗ್ ಇಲ್ಲದೆ ವೈರ್ ನೇರ ಗೋಡೆಯೊಳಗೆ ಹೋಗಿದ್ದರೆ ಮೇನ್ ಸ್ವಿಚ್ಚೇ ಆಫ್ ಆಗಬೇಕು. ಟೆಸ್ಟರ್ ಸರಿಯಿದೆಯೇ ಅಂತ ಮೊದಲೇ ಕರೆಂಟ್ ಇರುವ ಬೇರೆ ಸಾಕೆಟ್ಟಿನಲ್ಲಿ ನೋಡಿಕೊಂಡು, ಆಮೇಲೆ ಗೀಸರಿನ ತುದಿಗಳಲ್ಲಿ ಇಡಬೇಕು. ಕೆಟ್ಟ ಟೆಸ್ಟರ್ 'ಕರೆಂಟ್ ಇಲ್ಲ' ಅಂತ ಸುಳ್ಳು ಹೇಳುತ್ತದೆ. 230 ವೋಲ್ಟಿನಲ್ಲಿ 2000 ವಾಟ್ ಎಳೆಯುವ ಎಲಿಮೆಂಟಿನ ವೈರ್ ಬಿಚ್ಚಿ ಅಳೆದರೆ ಸುಮಾರು 26 ಓಮ್ ತೋರಿಸಬೇಕು. ತೋರಿಸಿದರೆ ಎಲಿಮೆಂಟ್ ಸರಿ. ತಣ್ಣಗಿರುವ ಥರ್ಮೋಸ್ಟಾಟ್ ಹೆಚ್ಚುಕಡಿಮೆ ಸೊನ್ನೆ ತೋರಿಸಬೇಕು. ಏನೂ ತೋರಿಸದಿದ್ದರೆ ಕಳ್ಳ ಸಿಕ್ಕಿದ. ಬ್ಯಾಂಕಿನಲ್ಲಿ ಟ್ಯಾಲಿ ಆಗದ ದಿನ ನಾವು ಒಂದೊಂದೇ ಲೆಡ್ಜರ್ ತೆಗೆದು ನೋಡುತ್ತಿದ್ದ ಹಾಗೇ ಇದೂ.

ಬಿಚ್ಚುವ ಮೊದಲು ಯಾವ ವೈರ್ ಎಲ್ಲಿತ್ತು ಅಂತ ಫೋನಿನಲ್ಲಿ ಒಂದು ಫೋಟೋ ತೆಗೆಯಿರಿ. ನಮ್ಮಲ್ಲಿ ಸಾಮಾನ್ಯವಾಗಿ ಸಿಗುವ ಕಡ್ಡಿಯ ಥರ್ಮೋಸ್ಟಾಟ್ ಒಣ ಕೊಳವೆಯೊಳಗೆ ಕೂತಿರುತ್ತದೆ. ನೀರು ಖಾಲಿ ಮಾಡದೆ ಎಳೆದು ತೆಗೆಯಬಹುದು. ಹಳೆಯದನ್ನೇ ಅಂಗಡಿಗೆ ಒಯ್ದು ಅಷ್ಟೇ ಉದ್ದದ, ಅಷ್ಟೇ ಆಂಪಿಯರಿನ, ಐಎಸ್ಐ ಗುರುತಿರುವುದನ್ನು ತನ್ನಿ. ಇಲ್ಲಿಯವರಿಗೆ ಚಾಂದನಿ ಚೌಕದ ಭಾಗೀರಥ ಪ್ಯಾಲೇಸ್ ಇದೆ, ಬೆಂಗಳೂರಿನವರಿಗೆ ಎಸ್.ಪಿ. ರಸ್ತೆ. ಫೋಟೋ ನೋಡಿಕೊಂಡು ಜೋಡಿಸಿ. ಫೇಸ್ ವೈರ್ ಥರ್ಮೋಸ್ಟಾಟ್ ಹಾದೇ ಎಲಿಮೆಂಟಿಗೆ ಹೋಗಬೇಕು, ಕಟ್‌ಔಟನ್ನು ಯಾವ ಕಾರಣಕ್ಕೂ ಬಿಟ್ಟು ಜೋಡಿಸಬಾರದು. ಸ್ಕ್ರೂ ಬಿಗಿಯಾಗಿರಬೇಕು. ಸಡಿಲ ಇದ್ದರೆ ಅಲ್ಲೇ ಕಾದು ಕರಗುತ್ತದೆ. ಮುಚ್ಚಳ ಹಾಕಿ, ಬಿಸಿನೀರಿನ ನಲ್ಲಿಯಲ್ಲಿ ನೀರು ಧಾರೆಯಾಗಿ ಬರುವುದನ್ನು ನೋಡಿಕೊಂಡೇ ಸ್ವಿಚ್ ಹಾಕಿ. ಮುಗಿಯಿತು, ಒಂದು ಗಂಟೆಯ ಕೆಲಸ.

'ಇದೆಲ್ಲ ನಿಮಗ್ಯಾಕೆ ಬೇಕು ಸಾರ್, ಈ ವಯಸ್ಸಲ್ಲಿ?' ಅನ್ನುವ ಸಜ್ಜನರೇ ಇನ್ನೊಂದು ಕಡೆ ಏನು ಹೇಳುತ್ತಾರೆ ಕೇಳಿ. 'ನಮ್ಮ ಅಳಿಯಂದಿರು ಅಮೆರಿಕಾದಲ್ಲಿ ಮನೆಯ ಹೀಟ್ ಪಂಪಿನ ಥರ್ಮೋಸ್ಟಾಟನ್ನು ತಾವೇ ಬದಲಾಯಿಸಿದರಂತೆ, ಅಲ್ಲಿ ಎಲ್ಲಾ ಅವರೇ ಮಾಡ್ಕೋತಾರೆ ನೋಡಿ!' ಅಲ್ಲಿ ಮಾಡಿದರೆ ಸ್ವಾವಲಂಬನೆ, ಇಲ್ಲಿ ಮಾಡಿದರೆ ಜಿಪುಣತನ. ಇದ್ಯಾವ ನ್ಯಾಯ ಸ್ವಾಮಿ? ಒಂದು ವ್ಯತ್ಯಾಸ ಮಾತ್ರ ನಿಜವಾಗಿ ಇದೆ. ಅಲ್ಲಿ ಗೋಡೆಯ ಮೇಲಿನ ಆ ಥರ್ಮೋಸ್ಟಾಟಿಗೆ ಸಾಮಾನ್ಯವಾಗಿ ಬರುವುದು ಟ್ರಾನ್ಸ್‌ಫಾರ್ಮರ್ ಇಳಿಸಿ ಕೊಟ್ಟ 24 ವೋಲ್ಟ್. ನಮ್ಮ ಗೀಸರಿನದಕ್ಕೆ ನೇರ 230 ವೋಲ್ಟ್ ಬರುತ್ತದೆ, ಅದೂ ಒದ್ದೆ ನೆಲದ ಬಚ್ಚಲಿನಲ್ಲಿ. ಅಳಿಯಂದಿರಿಗೆ ಬೇಕಾದ್ದಕ್ಕಿಂತ ಹೆಚ್ಚು ತಿಳಿವಳಿಕೆ ನಮಗೆ ಬೇಕು ಅಂತ ಇದರ ಅರ್ಥ.

ಕಾನೂನು ಅಡ್ಡ ಬರುತ್ತದೆ ಅನ್ನುವವರೂ ಇದ್ದಾರೆ. 1956ರ ಭಾರತೀಯ ವಿದ್ಯುಚ್ಛಕ್ತಿ ನಿಯಮಗಳಲ್ಲಿ 45ನೆಯದು ಹೇಳಿದ್ದು ಇಷ್ಟು: ವೈರಿಂಗ್ ಕೆಲಸಕ್ಕೆ ಲೈಸೆನ್ಸ್ ಇರುವ ಗುತ್ತಿಗೆದಾರನೇ ಬೇಕು. ಬಲ್ಬು, ಫ್ಯಾನು, ಫ್ಯೂಸು, ಸ್ವಿಚ್ಚು, ಮನೆಬಳಕೆಯ ಉಪಕರಣ ಇವನ್ನು ವ್ಯವಸ್ಥೆಯ ಸಾಮರ್ಥ್ಯವಾಗಲಿ ಸ್ವರೂಪವಾಗಲಿ ಬದಲಾಗದಂತೆ ಬದಲಿಸಿಕೊಳ್ಳುವುದಕ್ಕೆ ವಿನಾಯಿತಿ ಉಂಟು. 2010ರಲ್ಲಿ ಕೇಂದ್ರ ವಿದ್ಯುತ್ ಪ್ರಾಧಿಕಾರ ತಂದ ಸುರಕ್ಷತಾ ನಿಯಮಗಳಲ್ಲೂ ಈ ಮಾತು ಉಳಿಯಿತು. ನನ್ನ ವಾದವೂ ಈ ಗೆರೆಯ ಒಳಗೇ ಇದೆ. ಇದ್ದ ಹಾಗಿನದೇ ಬಿಡಿಭಾಗ ಹಾಕುವುದು ನಮ್ಮ ಕೆಲಸ. ಗೋಡೆಯೊಳಗಿನ ವೈರು, ಮೀಟರ್ ಬೋರ್ಡು, ಅರ್ಥಿಂಗು ಲೈಸೆನ್ಸ್ ಇರುವವನ ಕೆಲಸ. ಗ್ಯಾಸ್ ಗೀಸರನ್ನಂತೂ ಮುಟ್ಟಲೇಬಾರದು, ಅದರ ವಿಷಗಾಳಿಗೆ ವಾಸನೆಯೂ ಇರುವುದಿಲ್ಲ.

ಅರ್ಥಿಂಗ್ ಅಂದೆ. ಇಡೀ ಲೇಖನ ಮರೆತರೂ ಚಿಂತೆಯಿಲ್ಲ, ಇದೊಂದು ನೆನಪಿರಲಿ. ಗೀಸರಿನ ಮುಚ್ಚಳ ಒಂದು ಸಲ ತೆರೆದವನಿಗೆ ಮಾತ್ರ ಆ ಹಸಿರು ವೈರ್ ಎಲ್ಲಿಗೆ ಹೋಗುತ್ತದೆ ಅನ್ನುವ ಪ್ರಶ್ನೆ ಹುಟ್ಟುತ್ತದೆ. ಹೊರನಾಡಿನ ಎಷ್ಟೋ ಬಾಡಿಗೆ ಮನೆಗಳಲ್ಲಿ ಅದು ಎಲ್ಲಿಗೂ ಹೋಗುವುದಿಲ್ಲ! ಸಾಕೆಟ್ಟಿನ ಮೇಲಿನ ದೊಡ್ಡ ತೂತು ಇರುತ್ತದೆ, ಅದರ ಹಿಂದೆ ವೈರೇ ಇರುವುದಿಲ್ಲ. ಎದುರು ನಿಂತು ನೋಡಿದಾಗ ಬಲಗಡೆ ಇರಬೇಕಾದ ಫೇಸ್ ಎಡಗಡೆ ಇರುತ್ತದೆ. ಸ್ವಿಚ್ ಆರಿಸಿದರೂ ಒಳಗೆ ಕರೆಂಟ್ ಉಳಿದಿರುತ್ತದೆ. ಎಲಿಮೆಂಟ್ ಒಡೆದರೆ ಆ ಕರೆಂಟ್ ಬರುವುದು ಸ್ನಾನ ಮಾಡುವವನ ಮೈಗೆ. ನನ್ನ ಮನೆ ಮಾಲೀಕರೊಬ್ಬರಿಗೆ ಇದನ್ನು ತೋರಿಸಿದಾಗ, 'ಬೀಸ್ ಸಾಲ್ ಸೇ ಐಸಾ ಹೀ ಹೈ' ಅಂದರು. ಇಪ್ಪತ್ತು ವರ್ಷದಿಂದ ಹೀಗೇ ಇದೆಯಂತೆ. ಋಣಭಾರ ಪತ್ರ ನೋಡದೆ ಒಂದು ಲಕ್ಷ ಸಾಲ ಕೊಡದ ನಾವು, ಅರ್ಥಿಂಗ್ ನೋಡದೆ ಹೆಂಡತಿ ಮಕ್ಕಳನ್ನು ಕರೆದುಕೊಂಡು ಮನೆಗೆ ನುಗ್ಗುತ್ತೇವೆ. ಅಡ್ವಾನ್ಸ್ ಕೊಡುವ ಮೊದಲೇ ಅರ್ಥಿಂಗೂ 30 ಮಿಲಿಆಂಪಿಯರಿನ ಆರ್‌ಸಿಸಿಬಿಯೂ ಬೇಕು ಅಂತ ಕೂತುಬಿಡಿ. ಕೊಡದಿದ್ದರೆ ಮುಂದಿನ ಮನೆ ನೋಡಿ.

ಎಲೆಕ್ಟ್ರಿಶಿಯನ್ ಹೊಟ್ಟೆ ಮೇಲೆ ಹೊಡೆಯುತ್ತೀರಿ ಅಂತಲೂ ಆಕ್ಷೇಪ ಬರುತ್ತದೆ. ಖಂಡಿತ ಇಲ್ಲ. ಅರ್ಥಿಂಗ್ ಕೆಲಸಕ್ಕೆ ಅವನನ್ನೇ ಕರೆಯಿರಿ, ಚೌಕಾಸಿ ಮಾಡದೆ ಕೊಡಿ. ಒಂದು ಸಲ ತಾನೇ ಸ್ಟೂಲ್ ಹತ್ತಿ, ಕತ್ತು ನೋಯಿಸಿಕೊಂಡು ಎರಡು ಸ್ಕ್ರೂ ಬಿಗಿ ಮಾಡಿದವನಿಗೆ ಆ ಕೆಲಸದ ಬೆಲೆ ಗೊತ್ತಿರುತ್ತದೆ. ಕೈಕೆಲಸ ಕೀಳು ಅಂದುಕೊಂಡವನೇ ಅವನ ಕೂಲಿಯಲ್ಲಿ ಐವತ್ತು ರೂಪಾಯಿ ಹಿಡಿಯುವುದು. ಕಾಯಕದ ಬಗ್ಗೆ ಸಭೆಗಳಲ್ಲಿ ಗಂಟೆಗಟ್ಟಲೆ ಮಾತಾಡುವ ನಾಡು ನಮ್ಮದು. ಆ ಮಾತು ಬಚ್ಚಲ ಮನೆಯವರೆಗೂ ಬರಲಿ.

ಆದ್ದರಿಂದ ಊರಿನ ತಂದೆ ತಾಯಂದಿರಲ್ಲಿ ನನ್ನದೊಂದು ಒತ್ತಾಯ. ಮಗನನ್ನೋ ಮಗಳನ್ನೋ ಪುಣೆಗೆ, ಹೈದರಾಬಾದಿಗೆ, ದೆಹಲಿಗೆ ಕಳಿಸುವಾಗ ಚಟ್ನಿಪುಡಿ, ಉಪ್ಪಿನಕಾಯಿ ಎಲ್ಲ ಕಟ್ಟಿಕೊಡುತ್ತೀರಿ, ಕೊಡಿ. ಅದರ ಪಕ್ಕದಲ್ಲಿ ಒಂದು ಒಳ್ಳೆಯ ಟೆಸ್ಟರ್, ಒಂದು ಸ್ಕ್ರೂಡ್ರೈವರ್, ಒಂದು ಮಲ್ಟಿಮೀಟರ್ ಇಡಿ. ಕಳಿಸುವುದಕ್ಕೆ ಒಂದು ವಾರ ಮುಂಚೆ ಮನೆಯ ಮೇನ್ ಸ್ವಿಚ್ ಆಫ್ ಮಾಡಿ, ನಿಮ್ಮದೇ ಗೀಸರಿನ ಮುಚ್ಚಳ ತೆಗೆದು ಒಳಗಿರುವುದನ್ನು ತೋರಿಸಿ. ನಿಮಗೇ ಗೊತ್ತಿಲ್ಲದಿದ್ದರೆ ಬೀದಿ ಕೊನೆಯ ಆ ಹುಡುಗನನ್ನು ಕರೆಸಿ, ಒಂದು ಲೋಟ ಕಾಫಿ ಕೊಟ್ಟು, ಇಬ್ಬರೂ ಕೂತು ಕಲಿಯಿರಿ. ಅವನ ಆ ಒಂದು ಗಂಟೆಗೂ ದುಡ್ಡು ಕೊಡಿ.