ಆಟಿಸಂ ಇದ್ದವರಿಗೆ ಲೈಸೆನ್ಸ್: ಫಾರಂ–1ರ ಕೊನೆಯ ಪ್ರಶ್ನೆ ಬದಲಾಗಲಿ



ಅರಕೇರಾ, ದೇವದುರ್ಗ, ಮಾನ್ವಿ ಕಡೆಯ ಹಳ್ಳಿಗಳಲ್ಲಿ ಕಾಲೇಜು, ಕೆಲಸ, ರಾಯಚೂರಿನ ಆಸ್ಪತ್ರೆ, ಯಾವುದಕ್ಕೆ ಹೊರಟರೂ ಸ್ವಂತ ಗಾಡಿ ಇದ್ದವರಿಗೇ ಅನುಕೂಲ. ಆಟಿಸಂ ಇರುವ ತರುಣ ತರುಣಿಯರಿಗೆ ಈ ಅಗತ್ಯ ಇನ್ನೂ ಹೆಚ್ಚು. ಕಿಕ್ಕಿರಿದ ಬಸ್ಸಿನ ಗದ್ದಲ, ಮೈಗೆ ಮೈ ತಾಗುವ ನೂಕುನುಗ್ಗಲು ಅವರಲ್ಲಿ ಅನೇಕರಿಗೆ ಸಹಿಸಲಾಗದ ಹಿಂಸೆ. ಆದರೆ ಗಾಡಿ ಕಲಿಯುವ ಮಾತೆತ್ತಿದರೆ ಸಾಕು, "ಇಂಥವರಿಗೆ ಲೈಸೆನ್ಸ್ ಕೊಡಂಗಿಲ್ರಿ" ಎಂಬ ಉತ್ತರ ಸಿದ್ಧವಾಗಿರುತ್ತದೆ.

ಹಾಗೆ ಹೇಳುವ ಕಾನೂನು ಈ ದೇಶದಲ್ಲಿಲ್ಲ.

1988ರ ಮೋಟಾರು ವಾಹನ ಕಾಯ್ದೆಯಲ್ಲಿ ಆಟಿಸಂ ಎಂಬ ಕಾರಣಕ್ಕೆ ಲೈಸೆನ್ಸ್ ನಿರಾಕರಿಸಬೇಕೆಂದು ಎಲ್ಲೂ ಹೇಳಿಲ್ಲ. ತೊಡಕಿರುವುದು ಕಲಿಕಾ ಲೈಸೆನ್ಸಿನ ಅರ್ಜಿಯ ಜೊತೆ ತುಂಬುವ ಫಾರಂ–1ರಲ್ಲಿ. ಮೂರ್ಛೆ ರೋಗ ಇದೆಯೇ, 25 ಮೀಟರ್ ದೂರದಿಂದ ಕಾರಿನ ನಂಬರ್ ಪ್ಲೇಟ್ ಕಾಣುತ್ತದೆಯೇ, ಇರುಳುಗುರುಡು ಇದೆಯೇ ಎಂದೆಲ್ಲ ಸ್ಪಷ್ಟವಾಗಿ ಕೇಳುತ್ತಾ ಬರುವ ಈ ಫಾರಂ, ಕೊನೆಗೆ ಸಾರ್ವಜನಿಕರಿಗೆ ಅಪಾಯ ತರಬಹುದಾದ ಬೇರೆ ಯಾವುದಾದರೂ ರೋಗ ಅಥವಾ ವೈಕಲ್ಯ ಇದೆಯೇ ಎಂದು ಕೇಳುತ್ತದೆ. ಆಟಿಸಂ ಇಲ್ಲಿ ಸೇರುತ್ತದೋ ಇಲ್ಲವೋ ಎನ್ನುವುದನ್ನು ಅರ್ಜಿದಾರರೇ ಊಹಿಸಬೇಕು. ಬರೆದರೆ ಅರ್ಜಿ ತಿರಸ್ಕಾರವಾಗುವ ಭಯ, ಬರೆಯದಿದ್ದರೆ ಸುಳ್ಳು ಹೇಳಿಕೆ ಕೊಟ್ಟ ಆರೋಪದ ಭಯ. ಇದರಿಂದಾಗಿ ಕೆಲವರು ಅರ್ಜಿಯನ್ನೇ ಹಾಕುವುದಿಲ್ಲ. ಕೆಲವರು ವಿಷಯ ಮುಚ್ಚಿಟ್ಟು ಕಲಿಯಲು ಹೋಗುತ್ತಾರೆ, ಕಲಿಸುವವರಿಗೆ ಗೊತ್ತಿಲ್ಲದ ಕಾರಣ ಬೇಕಾದ ಸಹಾಯ ಅವರಿಗೆ ಸಿಗುವುದಿಲ್ಲ.

ಈ ಫಾರಂ ಬದಲಾಗಬಾರದ ಶಾಸನವೇನಲ್ಲ. ಕಿವುಡರೆಂಬ ಕಾರಣಕ್ಕೇ ಅರ್ಜಿ ತಳ್ಳಿಹಾಕುವುದನ್ನು ದೆಹಲಿ ಹೈಕೋರ್ಟ್ 2011ರಲ್ಲಿ ಒಪ್ಪಲಿಲ್ಲ; ಪರೀಕ್ಷೆಯಲ್ಲಿ ಪಾಸಾದವರಿಗೆ ಲೈಸೆನ್ಸ್ ಸಿಗಬೇಕೆಂದಿತು. ಸೌಮ್ಯ ಮತ್ತು ಮಧ್ಯಮ ಪ್ರಮಾಣದ ಬಣ್ಣಗುರುಡು ಇರುವವರಿಗಾಗಿ ಕೇಂದ್ರ ಸಾರಿಗೆ ಸಚಿವಾಲಯ 2020ರ ಜೂನ್‌ನಲ್ಲಿ ಇದೇ ಫಾರಂ ತಿದ್ದಿತು. 2016ರ ವಿಕಲಚೇತನರ ಹಕ್ಕುಗಳ ಕಾಯ್ದೆ ಗುರುತಿಸಿರುವ 21 ವೈಕಲ್ಯಗಳಲ್ಲಿ ಆಟಿಸಂ ಕೂಡ ಒಂದು. ತಾರತಮ್ಯ ಕೂಡದು, ಅಗತ್ಯ ಅನುಕೂಲ ಮಾಡಿಕೊಡಬೇಕು ಎಂದು ಆ ಕಾಯ್ದೆಯೇ ಹೇಳುತ್ತದೆ. ಬ್ರಿಟನ್ನಿನಲ್ಲಿ ಆಟಿಸಂ ಇರುವ ಎಲ್ಲರೂ ಲೈಸೆನ್ಸ್ ಇಲಾಖೆಗೆ ತಿಳಿಸಲೇಬೇಕೆಂಬ ಸೂಚನೆ 2019ರಲ್ಲಿ ಹೊರಬಿತ್ತು. ಆಕ್ಷೇಪ ಎದ್ದ ಮೇಲೆ ಇಲಾಖೆ ಅದನ್ನು ಹಿಂಪಡೆಯಿತು. ಚಾಲನೆಗೆ ತೊಡಕಾಗುವಂತಿದ್ದರೆ ಮಾತ್ರ ತಿಳಿಸಿದರೆ ಸಾಕು ಎಂಬುದು ಅಲ್ಲಿನ ನಿಯಮ.

ರಸ್ತೆಯ ಸುರಕ್ಷತೆ ಮುಖ್ಯವಲ್ಲವೇ ಎಂದು ಕೇಳುವವರ ಕಾಳಜಿ ನ್ಯಾಯವಾದದ್ದೇ. ಆಟಿಸಂ ಇರುವ ಎಲ್ಲರೂ ಗಾಡಿ ಓಡಿಸಬಲ್ಲರು ಎಂದು ಯಾರೂ ಹೇಳುತ್ತಿಲ್ಲ. ಅವರಲ್ಲಿ ಮೂರ್ಛೆ ರೋಗ ಇರುವ ಸಾಧ್ಯತೆ ಉಳಿದವರಿಗಿಂತ ಹೆಚ್ಚು, ಅದಕ್ಕೆ ಫಾರಂನಲ್ಲಿ ಪ್ರತ್ಯೇಕ ಪ್ರಶ್ನೆಯೇ ಇದೆ. ಅಮೆರಿಕದ ನ್ಯೂಜೆರ್ಸಿ ರಾಜ್ಯದ ದಾಖಲೆಗಳನ್ನು ಫಿಲಡೆಲ್ಫಿಯಾ ಮಕ್ಕಳ ಆಸ್ಪತ್ರೆಯ ಸಂಶೋಧಕರು ಪರಿಶೀಲಿಸಿದ್ದಾರೆ. ಹೊಸದಾಗಿ ಲೈಸೆನ್ಸ್ ಪಡೆದ ಆಟಿಸಂ ಚಾಲಕರ ಅಪಘಾತದ ಪ್ರಮಾಣ ಇತರ ಹೊಸ ಚಾಲಕರಿಗಿಂತ ಹೆಚ್ಚಿಲ್ಲ ಎಂದು ಅವರ 2021ರ ಅಧ್ಯಯನ ಹೇಳಿತು. ಆದರೆ ಎದುರಿನಿಂದ ಬರುವ ವಾಹನಗಳನ್ನು ದಾಟಿ ತಿರುಗುವಾಗ, ಪಾದಚಾರಿಗಳಿಗೆ ದಾರಿ ಬಿಡುವಾಗ ಅವರು ಎಡವುವುದು ಹೆಚ್ಚು ಎಂಬುದೂ ಅಲ್ಲಿ ಕಂಡುಬಂತು. ತರಬೇತಿಯಲ್ಲಿ ಎಲ್ಲಿ ಒತ್ತು ಕೊಡಬೇಕೆಂದು ಇದರಿಂದಲೇ ತಿಳಿಯುತ್ತದೆ.

ತರಬೇತಿಯ ಸ್ಥಿತಿ ಹೇಗಿದೆ? 1989ರ ಕೇಂದ್ರ ಮೋಟಾರು ವಾಹನ ನಿಯಮಗಳ ಪ್ರಕಾರ ಡ್ರೈವಿಂಗ್ ಸ್ಕೂಲಿನಲ್ಲಿ ಕಾರು ಕಲಿಯುವವರಿಗೆ ಕನಿಷ್ಠ 21 ದಿನಗಳ ಪಾಠವಿರಬೇಕು, ಕನಿಷ್ಠ 10 ಗಂಟೆ ಕಾರು ಓಡಿಸಲು ಕೊಡಬೇಕು. ಒಂದೇ ಕಾರಿನಲ್ಲಿ ನಾಲ್ಕು ಮಂದಿಯನ್ನು ಕೂರಿಸಿಕೊಂಡು ಪಾಳಿ ಹಚ್ಚಿದರೆ ಅಷ್ಟು ಗಂಟೆ ಯಾರಿಗೂ ದಕ್ಕುವುದಿಲ್ಲ. "ಸ್ವಲ್ಪ ನೋಡ್ಕೋತ ಹೋಗು" ಎಂದರೆ ಆಟಿಸಂ ಇರುವವರಿಗೆ ಏನು ಮಾಡಬೇಕೆಂದು ತಿಳಿಯದೆ ಹೋಗಬಹುದು. "ಮುಂದಿನ ಕರೆಂಟ್ ಕಂಬ ಬಂದಾಗ ಇಂಡಿಕೇಟರ್ ಹಾಕು, ಕನ್ನಡಿ ನೋಡು, ಆಮೇಲೆ ಎಡಕ್ಕೆ ತಿರುಗು" ಎಂದರೆ ತಿಳಿಯುತ್ತದೆ. ಅದೇ ಕಾರು, ಅದೇ ಗುರು, ಮೊದಲು ಖಾಲಿ ಮೈದಾನ, ನಂತರ ಜನವಿಲ್ಲದ ರಸ್ತೆ, ಕೊನೆಗೆ ಸಂತೆಯ ದಿನದ ಪೇಟೆ, ಹೀಗೆ ಹಂತ ಹಂತವಾಗಿ ಹೋಗಬೇಕು. ಗೇರ್ ಇಲ್ಲದ ಸ್ಕೂಟರಿನಿಂದ ಆರಂಭಿಸಿದರೆ ಕ್ಲಚ್ಚಿನ ಚಿಂತೆ ಇರುವುದಿಲ್ಲ, ಅದಕ್ಕೆ ಬೇರೆಯೇ ಲೈಸೆನ್ಸ್ ಇದೆ. ಹಿಂದಿನ ದೀಪವಿಲ್ಲದೆ ಹತ್ತಿ ಹೇರಿಕೊಂಡು ಹೋಗುವ ಟ್ರ್ಯಾಕ್ಟರು, ದಿಢೀರನೆ ರಸ್ತೆಗೆ ನುಗ್ಗುವ ಕುರಿಹಿಂಡು ನಮ್ಮ ಕಡೆ ಸಾಮಾನ್ಯ. ಇವನ್ನು ಎದುರಿಸುವುದನ್ನೂ ಮುಂಚಿತವಾಗಿ ಹೇಳಿಕೊಟ್ಟು ಅಭ್ಯಾಸ ಮಾಡಿಸಬೇಕು.

ಆಗಬೇಕಾದ ಕೆಲಸ ಇಷ್ಟು. ಕೊನೆಯ ಪ್ರಶ್ನೆಯನ್ನು ಸ್ಪಷ್ಟಪಡಿಸಿ, ಆಟಿಸಂ ಒಂದೇ ನಿರಾಕರಣೆಗೆ ಕಾರಣವಾಗದಂತೆ ಫಾರಂ ತಿದ್ದಲು ರಾಜ್ಯ ಸಾರಿಗೆ ಇಲಾಖೆ ಕೇಂದ್ರಕ್ಕೆ ಬರೆಯಲಿ. ಅನುಮಾನವಿದ್ದಾಗ ರಾಯಚೂರಿನ ರಿಮ್ಸ್‌ನಂತಹ ಸರ್ಕಾರಿ ಆಸ್ಪತ್ರೆಯಲ್ಲಿ ಅರ್ಜಿದಾರರ ಚಾಲನಾ ಸಾಮರ್ಥ್ಯ ಅಳೆಯುವ ವ್ಯವಸ್ಥೆಯಾಗಲಿ. ಟೆಸ್ಟಿಗೆ ಮೊದಲು ಮೈದಾನ ನೋಡಿಕೊಳ್ಳಲು ಅವಕಾಶ ಕೊಟ್ಟು, ಇನ್‌ಸ್ಪೆಕ್ಟರು ಒಂದು ಸಲಕ್ಕೆ ಒಂದೇ ಸೂಚನೆ ಹೇಳಲಿ. ಅಮೆರಿಕದ ಕನೆಕ್ಟಿಕಟ್‌ನಲ್ಲಿ 2020ರಿಂದ ಆಟಿಸಂ ಚಾಲಕರು ದಾಖಲೆಗಳನ್ನು ನೀಲಿ ಲಕೋಟೆಯಲ್ಲಿಟ್ಟು ಪೊಲೀಸರಿಗೆ ತೋರಿಸುತ್ತಾರೆ; ಅವರೊಂದಿಗೆ ಹೇಗೆ ಮಾತನಾಡಬೇಕೆಂದು ಲಕೋಟೆಯ ಮೇಲೆಯೇ ಅಚ್ಚಾಗಿರುತ್ತದೆ. ಅಂಥದ್ದೊಂದು ಲಕೋಟೆಯನ್ನು ನಮ್ಮ ಜಿಲ್ಲಾ ಪೊಲೀಸರು ಕನ್ನಡದಲ್ಲಿ ಅಚ್ಚು ಹಾಕಿಸಲು ಹೆಚ್ಚು ಖರ್ಚಾಗದು. ಅದನ್ನು ಈ ವರ್ಷವೇ ಆರಂಭಿಸಬಹುದು.

ಇಂತಿ,
ಓದುಗರೊಬ್ಬರು
ಅರಕೇರಾ, ರಾಯಚೂರು ಜಿಲ್ಲೆ