ಫರಸಿ ಬಡಿದು ನೋಡುವವರು ಬ್ರೌಸರ್ ಏಕೆ ನೋಡುವುದಿಲ್ಲ?

ನಮ್ಮ ಕಾಳಗಿಯಲ್ಲಿ ಮನೆ ಕಟ್ಟಿಸುವವರು ಶಹಾಬಾದಿನ ಫರಸಿ ಕಲ್ಲು ಕೊಳ್ಳುವಾಗ ಒಂದೊಂದು ಕಲ್ಲನ್ನೂ ಬಡಿದು ನೋಡುತ್ತಾರೆ. ಖಣಖಣ ಎಂದರೆ ಇಳಿಸಿಕೊಳ್ಳುತ್ತಾರೆ, ಬದ್ದ ಸದ್ದು ಬಂದರೆ ಬಿರುಕಿದೆ ಎಂದು ಪಕ್ಕಕ್ಕೆ ಸರಿಸುತ್ತಾರೆ. ಬಿತ್ತನೆಗೆ ತೊಗರಿ ಆರಿಸುವ ನಮ್ಮ ತಾಯಂದಿರು ಹುಳುಕು ಕಾಳೊಂದನ್ನೂ ಮೊರದಲ್ಲಿ ಉಳಿಯಗೊಡುವುದಿಲ್ಲ. ಇಷ್ಟೊಂದು ಎಚ್ಚರದ ಜನರು ನಾವು. ಆದರೆ ನಮ್ಮ ಪಹಣಿ, ಪಿಂಚಣಿ, ಬ್ಯಾಂಕಿನ ಗುಪ್ತಪದ, ಮಕ್ಕಳ ವಿದ್ಯಾರ್ಥಿವೇತನ ಎಲ್ಲವೂ ಹಾದುಹೋಗುವ ಬಾಗಿಲೊಂದಿದೆ. ಅದರ ಹೆಸರು ಬ್ರೌಸರ್. ಅದನ್ನು ಮಾತ್ರ ನಾವು ಒಮ್ಮೆಯೂ ಬಡಿದು ನೋಡಿದವರಲ್ಲ. ಅಂಗಡಿಯವನು ಹಾಕಿಕೊಟ್ಟದ್ದೇ ಬಾಗಿಲು, ಫೋನಿನೊಳಗೆ ಬಂದದ್ದೇ ಬಾಗಿಲು.

ಕಳೆದ ತಿಂಗಳು ಒಂದು ಅರ್ಜಿ ತುಂಬಿಸಲು ಬಸ್ ನಿಲ್ದಾಣದ ಹತ್ತಿರದ ಆನ್‌ಲೈನ್ ಅಂಗಡಿಗೆ ಹೋಗಿದ್ದೆ. ಅಂಗಡಿಯ ಹುಡುಗ ನನ್ನ ಹಳೆಯ ಶಿಷ್ಯ. "ತಮ್ಮಾ, ಇದು ಯಾವ ಬ್ರೌಸರ್?" ಎಂದು ಕೇಳಿದೆ. ಅವನು ನಕ್ಕು, "ಸರ, ಇಂಟರ್ನೆಟ್ ಅಂದ್ರ ಇದೇ ನೋಡ್ರಿ, ಬ್ಯಾರೆ ಯಾವ್ದು ಇರ್ತದ್ರಿ?" ಎಂದ. ಅವನ ಪರದೆಯ ಮೇಲ್ಭಾಗದಲ್ಲಿ ಹನ್ನೆರಡು ಆಡ್-ಆನ್‌ಗಳ ಗುರುತುಗಳು ಸಾಲಾಗಿ ಕುಳಿತಿದ್ದವು. ಅವು ಏನು, ಯಾರು ಹಾಕಿದರು ಎಂದರೆ, "ಗೊತ್ತಿಲ್ರಿ ಸರ, ತಾವೇ ಬಂದು ಕುಂತಾವ" ಎಂಬ ಉತ್ತರ. ಆ ಉತ್ತರವೇ ಈ ಲೇಖನಕ್ಕೆ ಕಾರಣ. ತಾವೇ ಬಂದು ಕುಳಿತವರಿಗೆ ನಾವು ಪಡಸಾಲೆಯಲ್ಲಿ ಚಾಪೆ ಹಾಸುವುದಿಲ್ಲ, ಯಾರ ಪೈಕಿ ಎಂದು ಕೇಳುತ್ತೇವೆ. ಇಲ್ಲಿ ಮಾತ್ರ ಕೇಳುವುದಿಲ್ಲ.

ಬ್ರೌಸರ್ ಎಂದರೆ ಅಂತರಜಾಲವಲ್ಲ. ಅಂತರಜಾಲವನ್ನು ತೋರಿಸುವ ಒಂದು ತಂತ್ರಾಂಶ ಮಾತ್ರ. ಕ್ರೋಮ್, ಫೈರ್‌ಫಾಕ್ಸ್, ಎಡ್ಜ್, ಸಫಾರಿ, ಬ್ರೇವ್, ಒಪೆರಾ ಎಲ್ಲವೂ ಇದೇ ಕೆಲಸ ಮಾಡುತ್ತವೆ. ಆಡ್-ಆನ್ ಎಂದರೆ ಆ ತಂತ್ರಾಂಶಕ್ಕೆ ನಾವು ಸೇರಿಸಿಕೊಳ್ಳುವ ಪುಟ್ಟ ಸಹಾಯಕ. ಎತ್ತು ಕೊಳ್ಳುವಾಗ ಹಲ್ಲು ಎಣಿಸುವುದು ಹೇಗೆ ಸಹಜವೋ ಇವುಗಳನ್ನು ಪರೀಕ್ಷಿಸುವುದೂ ಹಾಗೆಯೇ ಸಹಜವಾಗಬೇಕು ಎಂಬುದು ನನ್ನ ವಾದ. "ಇದೆಲ್ಲ ಇಂಜಿನಿಯರುಗಳ ವಿಷಯ, ನಮಗೇಕೆ?" ಎನ್ನುವವರೊಂದಿಗೆ ನನ್ನ ಜಗಳ.

ನನಗೆ ಈ ಜಗಳ ಹತ್ತಿದ್ದು ಹೇಗೆ ಎಂಬುದನ್ನು ಹೇಳಬೇಕು.

2000ರ ದಶಕದ ಮೊದಲ ವರ್ಷಗಳಲ್ಲಿ ಜಗತ್ತಿನ ಹತ್ತು ಗಣಕಯಂತ್ರಗಳಲ್ಲಿ ಒಂಬತ್ತಕ್ಕೂ ಹೆಚ್ಚಿನವು ಬಳಸುತ್ತಿದ್ದುದು ಇಂಟರ್ನೆಟ್ ಎಕ್ಸ್‌ಪ್ಲೋರರ್ ಒಂದನ್ನೇ. ಅದು ವಿಂಡೋಸಿನ ಜೊತೆಯಲ್ಲೇ ಬರುತ್ತಿತ್ತು. ಎದುರಾಳಿಯಿಲ್ಲದ ಪೈಲ್ವಾನನು ಸಾಮು ಮಾಡುವುದನ್ನು ಬಿಡುತ್ತಾನೆ. 2001ರಲ್ಲಿ ಅದರ 6ನೆಯ ಆವೃತ್ತಿ ಬಂತು, 7ನೆಯದು ಬರಲು 2006ರ ತನಕ ಕಾಯಬೇಕಾಯಿತು. ನಡುವೆ 2004ರ ನವೆಂಬರಿನಲ್ಲಿ ಫೈರ್‌ಫಾಕ್ಸ್‌ನ ಮೊದಲ ಆವೃತ್ತಿ ಬರದಿದ್ದರೆ ಆ ನಿದ್ರೆ ಇನ್ನೆಷ್ಟು ದೀರ್ಘವಾಗುತ್ತಿತ್ತೋ!

ಕನ್ನಡಿಗರಿಗೆ ಆ ನಿದ್ರೆಯ ಬೆಲೆ ಬೇರೆಯೇ ಇತ್ತು. ಅಂದಿನ ಹಲವು ಕನ್ನಡ ಜಾಲತಾಣಗಳು ಯುನಿಕೋಡ್ ಬಳಸುತ್ತಿರಲಿಲ್ಲ. ಎಕ್ಸ್‌ಪ್ಲೋರರ್‌ಗೆ ಮಾತ್ರ ಅರ್ಥವಾಗುವ ಬಗೆಯಲ್ಲಿ ತಮ್ಮದೇ ಅಕ್ಷರವಿನ್ಯಾಸವನ್ನು ಕಳುಹಿಸುತ್ತಿದ್ದವು. ಅದೇ ಪುಟವನ್ನು ಫೈರ್‌ಫಾಕ್ಸ್‌ನಲ್ಲಿ ತೆರೆದರೆ ಕನ್ನಡದ ಬದಲು ರೋಮನ್ ಅಕ್ಷರಗಳ, ಚಿಹ್ನೆಗಳ ಕಲಸುಮೇಲೋಗರ. ಇನ್ನು ಯುನಿಕೋಡ್ ಪುಟಗಳನ್ನು ಸರಿಯಾಗಿ ಓದಬೇಕೆಂದರೆ ವಿಂಡೋಸ್ ಎಕ್ಸ್‌ಪಿಯ ಸೆಟ್ಟಿಂಗಿನೊಳಗೆ ಹೋಗಿ, ಸಂಕೀರ್ಣ ಲಿಪಿಗಳ ಬೆಂಬಲ ಎಂಬಲ್ಲಿ ಗುರುತು ಹಾಕಿ, ಮೂಲ ಸೀಡಿಯನ್ನು ತುರುಕಬೇಕಿತ್ತು. ಆ ಸೀಡಿ ಎಲ್ಲಿತ್ತು? ನಮ್ಮ ಶಾಲೆಯ ಬೀರುವಿನಲ್ಲಂತೂ ಇರಲಿಲ್ಲ. ಒತ್ತಕ್ಷರಗಳು ಕಾಲು ಮುರಿದುಕೊಂಡು ಪಕ್ಕದಲ್ಲಿ ಬಿದ್ದಿರುತ್ತಿದ್ದವು. ಹತ್ತನೆಯ ತರಗತಿಗೆ ಕನ್ನಡ ಪಾಠ ಮಾಡುವ ನಾನು ಪರದೆಯ ಮೇಲಿನ ಕನ್ನಡವನ್ನು ನೋಡಿ ತಲೆ ತಗ್ಗಿಸುತ್ತಿದ್ದೆ. ತಪ್ಪು ಕನ್ನಡದ್ದಲ್ಲ, ತೋರಿಸುವ ಯಂತ್ರದ್ದು ಎಂದು ಅರಿಯಲು ನನಗೆ ಎರಡು ವರ್ಷ ಬೇಕಾಯಿತು.

ಎರಡನೆಯ ಪಾಠ ಇನ್ನೂ ಕಹಿಯಾದುದು. 2010ರಲ್ಲಿ ನನ್ನ ತರಗತಿಯಲ್ಲಿ ಒಬ್ಬ ಹುಡುಗಿಯಿದ್ದಳು. ತಂದೆ ಕಲ್ಲಿನ ಖಣಿಯ ಕೂಲಿ. ಒಂದು ವಿದ್ಯಾರ್ಥಿವೇತನಕ್ಕೆ ಅರ್ಜಿ ಹಾಕಬೇಕಿತ್ತು, ಅದೂ ಆನ್‌ಲೈನಿನಲ್ಲೇ. ಆ ಕಚೇರಿಯ ಜಾಲತಾಣವು ಎಕ್ಸ್‌ಪ್ಲೋರರ್‌ನಲ್ಲಿ ಮಾತ್ರ ತೆರೆಯುತ್ತದೆಂದು ಮೊದಲ ಪುಟದಲ್ಲೇ ಬರೆದಿತ್ತು. ಕೊನೆಯ ದಿನ ಸಂಜೆ, ಕರೆಂಟು ಬಂದ ಮೇಲೆ, ಶಾಲೆಯ ಗಣಕಯಂತ್ರದ ಮುಂದೆ ಅವಳನ್ನು ಕೂರಿಸಿ ನಾನೇ ಎಲ್ಲವನ್ನೂ ತುಂಬಿದೆ. ಕೊನೆಯ ಗುಂಡಿ ಒತ್ತಿದರೆ ಏನೂ ಆಗಲಿಲ್ಲ. ಮತ್ತೆ ಒತ್ತಿದೆ, ಮತ್ತೆ ತುಂಬಿದೆ, ಮತ್ತೆ ಒತ್ತಿದೆ. ಫೈರ್‌ಫಾಕ್ಸ್‌ನಲ್ಲಿ ಪ್ರಯತ್ನಿಸಿದರೆ ಪುಟವೇ ಬರಲಿಲ್ಲ. ರಾತ್ರಿ ಹನ್ನೆರಡಾಯಿತು, ದಿನಾಂಕ ಮುಗಿಯಿತು.

ಮುಂದಿನ ವಾರ ಬಂದ ಮೆಕ್ಯಾನಿಕ್ ಕಾರಣ ತೋರಿಸಿದ. ನಮ್ಮ ಎಕ್ಸ್‌ಪ್ಲೋರರಿನ ತಲೆಯ ಮೇಲೆ ಮೂರು ಟೂಲ್‌ಬಾರುಗಳು ಕುಳಿತಿದ್ದವು. ಯಾವುದೋ ಆಟ, ಯಾವುದೋ ಹಾಡು ಇಳಿಸಿಕೊಳ್ಳುವಾಗ ಜೊತೆಗೆ ಬಂದವು. ಅವುಗಳಲ್ಲಿ ಒಂದು, ಹೊಸ ಕಿಟಕಿ ತೆರೆದರೆ ಜಾಹೀರಾತೆಂದು ಭಾವಿಸಿ ಮುಚ್ಚುತ್ತಿತ್ತು. ಅರ್ಜಿಯ ದೃಢೀಕರಣದ ಪುಟವೂ ಹೊಸ ಕಿಟಕಿಯಲ್ಲೇ ತೆರೆಯಬೇಕಿತ್ತು! ಟೂಲ್‌ಬಾರುಗಳನ್ನು ಕಿತ್ತ ಮೇಲೆ ಆ ಕಿಟಕಿ ಸಲೀಸಾಗಿ ತೆರೆಯಿತು. ಅದರಲ್ಲಿ "ಅವಧಿ ಮುಗಿದಿದೆ" ಎಂದಿತ್ತು.

ತಪ್ಪು ಯಾರದು? ಒಂದೇ ಬ್ರೌಸರ್ ನಂಬಿ ಜಾಲತಾಣ ಕಟ್ಟಿದ ಕಚೇರಿಯದು ನಿಶ್ಚಯವಾಗಿಯೂ. ಆದರೆ ಅರ್ಧ ತಪ್ಪು ನನ್ನದು. ನನ್ನ ವಶದಲ್ಲಿದ್ದ ಯಂತ್ರದಲ್ಲಿ ಯಾರು ಬಂದು ಕುಳಿತಿದ್ದಾರೆಂದು ನಾನು ನೋಡಿರಲಿಲ್ಲ. ಆ ಹುಡುಗಿ ಮುಂದೆ ಓದಿದಳು, ತನ್ನ ಬಲದಿಂದಲೇ ಓದಿದಳು. ಆದರೆ ಆ ವರ್ಷ ಅವಳ ತಂದೆ ಸಾಲ ಮಾಡಿದ್ದು ನನಗೆ ಗೊತ್ತು. ನಾನು ಅವರ ಮುಖ ನೋಡಿ ಮಾತನಾಡಲು ಬಹಳ ದಿನ ಬೇಕಾಯಿತು.

"ಅದೆಲ್ಲ ಹಳೆಯ ಕಥೆ ಸರ, ಈಗ ಕಾಲ ಬದಲಾಗಿದೆ" ಎನ್ನುವಿರಿ. ಹೌದು, 2022ರ ಜೂನ್ 15ರಂದು ಮೈಕ್ರೋಸಾಫ್ಟ್ ಎಕ್ಸ್‌ಪ್ಲೋರರಿಗೆ ವಿದಾಯ ಹೇಳಿತು. ಯುನಿಕೋಡ್ ಕನ್ನಡ ಇಂದು ಎಲ್ಲ ಬ್ರೌಸರುಗಳಲ್ಲೂ ಚೆನ್ನಾಗಿ ಕಾಣುತ್ತದೆ. ಆದರೆ ಸಿಂಹಾಸನ ಖಾಲಿಯಾಗಿಲ್ಲ, ಕುಳಿತವರು ಬದಲಾಗಿದ್ದಾರೆ. 2008ರಲ್ಲಿ ಬಂದ ಕ್ರೋಮ್ ಈಗ ಆಂಡ್ರಾಯ್ಡ್ ಫೋನುಗಳ ಒಳಗೇ ಬರುತ್ತದೆ. ಎಡ್ಜ್, ಬ್ರೇವ್, ಒಪೆರಾಗಳ ಒಳಗಿನ ಎಂಜಿನ್ನೂ ಕ್ರೋಮಿನ ಮೂಲವಾದ ಕ್ರೋಮಿಯಂನದೇ. ಬೋರ್ಡು ಬೇರೆ ಬೇರೆ, ಅಡುಗೆಮನೆ ಒಂದೇ. 2022ರ ಅಕ್ಟೋಬರಿನಲ್ಲಿ ಭಾರತೀಯ ಸ್ಪರ್ಧಾ ಆಯೋಗವು, ಆಂಡ್ರಾಯ್ಡ್ ಮೇಲಿನ ಪ್ರಾಬಲ್ಯವನ್ನು ದುರುಪಯೋಗ ಮಾಡಿಕೊಂಡದ್ದಕ್ಕಾಗಿ ಗೂಗಲ್‌ಗೆ 1,337.76 ಕೋಟಿ ರೂಪಾಯಿ ದಂಡ ವಿಧಿಸಿತು. 2023ರ ಮಾರ್ಚಿನಲ್ಲಿ ಮೇಲ್ಮನವಿ ನ್ಯಾಯಮಂಡಳಿಯು ಆಯೋಗದ ಕೆಲವು ನಿರ್ದೇಶನಗಳನ್ನು ತೆಗೆದುಹಾಕಿದರೂ ದಂಡವನ್ನು ಎತ್ತಿಹಿಡಿಯಿತು. ದೊಡ್ಡವರ ನ್ಯಾಯ ದೊಡ್ಡ ಊರಿನಲ್ಲಿ ನಡೆಯಲಿ. ನಮ್ಮ ಫೋನಿನ ಮಟ್ಟಿಗೆ ನ್ಯಾಯಾಧೀಶರು ನಾವೇ ಅಲ್ಲವೇ?

ಇನ್ನೊಂದು ಉದಾಹರಣೆ ನಮ್ಮ ಹಳ್ಳಿಗಳಿಗೇ ಸೇರಿದ್ದು. ಅಗ್ಗದ ಫೋನುಗಳ ಕಾಲದಲ್ಲಿ ಯುಸಿ ಬ್ರೌಸರ್ ನಮ್ಮಲ್ಲಿ ಮನೆಮಾತಾಗಿತ್ತು. ಡೇಟಾ ಉಳಿಸುತ್ತದೆ ಎಂದು ಹೊಲದ ಬದುವಿನ ಮೇಲೆ ಕುಳಿತವರೂ ಅದನ್ನೇ ಬಳಸಿದರು. ಬಳಕೆದಾರರ ಮಾಹಿತಿಯನ್ನು ಅದು ಸೋರಿಸುತ್ತಿದೆ ಎಂದು ಕೆನಡಾದ ಸಿಟಿಜನ್ ಲ್ಯಾಬ್ 2015ರಲ್ಲಿಯೇ ಎಚ್ಚರಿಸಿತ್ತು. ಯಾರು ಕೇಳಿದರು? 2020ರ ಜೂನ್ 29ರಂದು ಸರ್ಕಾರವು ಅದೂ ಸೇರಿದಂತೆ 59 ಆ್ಯಪುಗಳನ್ನು ನಿಷೇಧಿಸಿದಾಗ ನಾವೆಲ್ಲ ಬೆಚ್ಚಿದೆವು. ಐದು ವರ್ಷ ನಾವು ಬಾಗಿಲು ತೆರೆದಿಟ್ಟು ಮಲಗಿದ್ದೆವು. "ಪುಕ್ಕಟೆ ಸಿಕ್ಕರೆ ನನಗೊಂದು, ನಮ್ಮಪ್ಪನಿಗೊಂದು" ಎಂಬ ಗಾದೆ ಸುಮ್ಮನೆ ಹುಟ್ಟಿದ್ದಲ್ಲ.

ಹಾಗಾದರೆ ಏನು ಮಾಡಬೇಕು? ಮೇಷ್ಟರ ಚಟ, ಪಾಠ ಹೇಳದೆ ಬಿಡಲಾರೆ.

ಮೊದಲನೆಯದಾಗಿ, ಎರಡು ಬ್ರೌಸರುಗಳನ್ನು ಇಟ್ಟುಕೊಳ್ಳಿ. ನಾನು ದಿನನಿತ್ಯಕ್ಕೆ ಫೈರ್‌ಫಾಕ್ಸ್ ಬಳಸುತ್ತೇನೆ. ಅದರ ಮೂಲಸಂಕೇತ ಎಲ್ಲರಿಗೂ ತೆರೆದಿದೆ, ಎಂಜಿನ್ ಅದರ ಸ್ವಂತದ್ದು, ಕನ್ನಡದಲ್ಲಿಯೇ ಅದರ ಮೆನುಗಳು ಸಿಗುತ್ತವೆ. ಎರಡನೆಯದನ್ನು, ಫೈರ್‌ಫಾಕ್ಸ್‌ನಲ್ಲಿ ತೆರೆಯದ ಹಟಮಾರಿ ಜಾಲತಾಣಗಳಿಗೆಂದು ಇಟ್ಟಿದ್ದೇನೆ. ಅದರಲ್ಲಿ ಒಂದೂ ಆಡ್-ಆನ್ ಇಲ್ಲ. ಅರ್ಜಿಯ ಕೊನೆಯ ಗುಂಡಿ ಒತ್ತುವಾಗ ಅಡ್ಡ ಬರುವವರು ಯಾರೂ ಇರಬಾರದು.

ಎರಡನೆಯದಾಗಿ, ಜಾಹೀರಾತು ತಡೆಯುವ ಆಡ್-ಆನ್ ಒಂದಿರಲಿ. ನಾನು ಬಳಸುವುದು ಯುಬ್ಲಾಕ್ ಆರಿಜಿನ್. ಪುಸ್ತಕವೊಂದನ್ನು ಇಳಿಸಿಕೊಳ್ಳಲು ಹೋದವನ ಎದುರು ನಾಲ್ಕು ಹಸಿರು ಗುಂಡಿಗಳು ಹೊಳೆಯುತ್ತವೆ, ಮೂರು ಮೋಸದವು. ಕಣ್ಣು ಮಂಜಾದ ನನ್ನ ವಯಸ್ಸಿನವರಿಗೆ, ಅವಸರದ ಮಕ್ಕಳಿಗೆ, ಆ ಮೂರೂ ಕಾಣದಂತೆ ಮಾಡುವುದು ದೊಡ್ಡ ಉಪಕಾರ. ಕ್ರೋಮ್ ತನ್ನ ಆಡ್-ಆನ್ ನಿಯಮಗಳನ್ನು ಬದಲಿಸಿದ್ದರಿಂದ 2024-25ರಲ್ಲಿ ಈ ಆಡ್-ಆನಿನ ಪೂರ್ಣರೂಪವು ಅಲ್ಲಿ ನಿಂತುಹೋಯಿತು; ಅಲ್ಲಿ ಸಿಗುವುದು ಅದರ ಕಿರಿದಾದ ರೂಪ. ಜಾಹೀರಾತಿನಿಂದ ಬದುಕುವ ಸಂಸ್ಥೆಯ ಬ್ರೌಸರಿನಲ್ಲಿ ಜಾಹೀರಾತು ತಡೆಯುವವನಿಗೆ ಜಾಗ ಕಿರಿದಾದದ್ದು ಆಕಸ್ಮಿಕವೇ? ಭದ್ರತೆಗಾಗಿ ಎಂದು ಅವರು ಹೇಳುತ್ತಾರೆ. ಓದುಗರೇ ತೂಗಿ ನೋಡಲಿ. ಆಂಡ್ರಾಯ್ಡ್ ಫೋನಿನ ಫೈರ್‌ಫಾಕ್ಸ್‌ನಲ್ಲಿ ಅದು ಪೂರ್ಣವಾಗಿ ನಡೆಯುತ್ತದೆ.

ಮೂರನೆಯದಾಗಿ, ಉಳಿದ ಆಡ್-ಆನ್‌ಗಳನ್ನು ಕೈಬೆರಳಿನಲ್ಲಿ ಎಣಿಸುವಷ್ಟಕ್ಕೆ ನಿಲ್ಲಿಸಿ. ಹಾಕುವಾಗ ಅದು ಕೇಳುವ ಅನುಮತಿಯನ್ನು ಓದಿ. "ಎಲ್ಲ ಜಾಲತಾಣಗಳಲ್ಲಿನ ನಿಮ್ಮ ಮಾಹಿತಿಯನ್ನು ಓದುತ್ತೇನೆ, ಬದಲಿಸುತ್ತೇನೆ" ಎಂದರೆ ನಿಮ್ಮ ಬ್ಯಾಂಕಿನ ಪುಟವನ್ನೂ ಓದುತ್ತೇನೆ ಎಂದೇ ಅರ್ಥ. ಜಾಹೀರಾತು ತಡೆಯುವ ಆಡ್-ಆನ್ ಕೂಡ ಇದೇ ಅನುಮತಿ ಕೇಳುತ್ತದೆ, ಆದ್ದರಿಂದಲೇ ಮಾಡಿದವರು ಯಾರೆಂದು ತಿಳಿದಿರಬೇಕು. ಒಳ್ಳೆಯವನೂ ಕೈ ಬದಲಾದರೆ ಕೆಡುತ್ತಾನೆ. ಗ್ರೇಟ್ ಸಸ್ಪೆಂಡರ್ ಎಂಬ ಜನಪ್ರಿಯ ಆಡ್-ಆನ್ 2020ರಲ್ಲಿ ಮಾಲೀಕರನ್ನು ಬದಲಿಸಿತು. 2021ರ ಫೆಬ್ರವರಿಯಲ್ಲಿ ಗೂಗಲ್ ಅದನ್ನು ದುಷ್ಟ ತಂತ್ರಾಂಶವೆಂದು ಕಿತ್ತುಹಾಕಿತು. ವರ್ಷಕ್ಕೆರಡು ಸಲ, ಯುಗಾದಿಗೂ ದೀಪಾವಳಿಗೂ ಮನೆಯ ಜೇಡರ ಬಲೆ ಹೊಡೆಯುವಂತೆ, ಆಡ್-ಆನ್ ಪಟ್ಟಿಯನ್ನೂ ಗುಡಿಸಿ.

ನನ್ನ ಪಕ್ಷದ ದೋಷವನ್ನು ಮುಚ್ಚಿಡಲಾರೆ. ಫೈರ್‌ಫಾಕ್ಸ್ ನಡೆಸುವ ಮೊಜಿಲ್ಲಾದ ಆದಾಯದ ಬಹುಪಾಲು ಬರುವುದು ಗೂಗಲ್‌ನಿಂದಲೇ, ಅದರ ಶೋಧವನ್ನು ಮೊದಲ ಆಯ್ಕೆಯಾಗಿ ಇಡುವುದಕ್ಕೆ. ಹಾಗಾಗಿ ಅದು ದೇವರಲ್ಲ. ಜಾಹೀರಾತು ತಡೆದರೆ ಅದನ್ನೇ ನಂಬಿದ ಸಣ್ಣ ಕನ್ನಡ ಪತ್ರಿಕೆಗಳಿಗೆ ಪೆಟ್ಟು ಎನ್ನುವ ಆಕ್ಷೇಪವೂ ಸರಿಯೇ. ನಾನು ಮೆಚ್ಚಿದ ತಾಣಗಳಲ್ಲಿ ಆ ತಡೆಯನ್ನು ತೆಗೆದಿಟ್ಟಿದ್ದೇನೆ, ಕೆಲವಕ್ಕೆ ಚಂದಾ ಕಟ್ಟಿದ್ದೇನೆ. ಆಯ್ಕೆ ಎಂದರೆ ಇದೇ ತಾನೆ? ಕ್ರೋಮ್ ಬೇಕೆಂದು ತಿಳಿದು ಆರಿಸಿದವರೊಂದಿಗೆ ನನ್ನ ತಕರಾರಿಲ್ಲ. ತಿಳಿಯದೆ ಒಪ್ಪಿಕೊಳ್ಳುವುದರ ಮೇಲೆ ನನ್ನ ತಕರಾರು.

ಈ ತಕರಾರಿಗೆ ನಮ್ಮ ಭಾಗದಲ್ಲಿ ಒಂದು ಹಿನ್ನೆಲೆಯಿದೆ. ನನ್ನ ತಂದೆ ನಿಜಾಮರ ಕಾಲದಲ್ಲಿ ಶಾಲೆಗೆ ಹೋದವರು. ಮನೆಯ ಮಾತು ಕನ್ನಡ, ಶಾಲೆಯ ಮಾತು ಉರ್ದು, ಕಚೇರಿಯ ಕಾಗದವೂ ಉರ್ದು. ಉರ್ದು ಸೊಗಸಾದ ಭಾಷೆ, ತಂದೆಯವರು ಅದನ್ನು ಕೊನೆಯವರೆಗೂ ಪ್ರೀತಿಸಿದರು. ಆದರೆ, "ನಮ್ಮನ್ನ ಯಾರೂ ಕೇಳಿದ್ದಿಲ್ಲಪ್ಪ" ಎಂಬ ಒಂದು ಮಾತನ್ನು ಅವರು ಆಗಾಗ ಹೇಳುತ್ತಿದ್ದರು. 1948ರ ಸೆಪ್ಟೆಂಬರಿನಲ್ಲಿ ಆ ಆಳ್ವಿಕೆ ಮುಗಿಯಿತು. ಇಂದು ನಮ್ಮನ್ನು ಯಾರೂ ಕೇಳುವುದಿಲ್ಲ ಎನ್ನುವಂತಿಲ್ಲ. ಬೇರೆ ಬ್ರೌಸರ್ ಹಾಕಿಕೊಳ್ಳಲು ಐದು ನಿಮಿಷ ಸಾಕು, ಒಂದು ಪೈಸೆ ಬೇಡ. ಕೇಳಿದರೂ ಉತ್ತರಿಸದವರು ನಾವು.

ಕೊನೆಗೆ ಎರಡು ಬೇಡಿಕೆಗಳು. ಜಾಲತಾಣ ಕಟ್ಟಿಸುವ ಕಚೇರಿಗಳವರೇ, ನಿಮ್ಮ ಅರ್ಜಿಯನ್ನು ಬೇರೆ ಬೇರೆ ಎಂಜಿನ್‌ನ ಎರಡು ಬ್ರೌಸರುಗಳಲ್ಲಾದರೂ ಮೊದಲ ಪುಟದಿಂದ ಕೊನೆಯ ಗುಂಡಿಯವರೆಗೆ ತುಂಬಿ ನೋಡಿ, ಆಮೇಲೆ ಬಡವರ ಮಕ್ಕಳಿಗೆ ತೆರೆಯಿರಿ. ಗಣಕ ಕಲಿಸುವ ನನ್ನ ಸಹೋದ್ಯೋಗಿಗಳೇ, ಮೊದಲ ದಿನ ಮಕ್ಕಳಿಗೆ ಇದು ಇಂಟರ್ನೆಟ್ ಎಂದು ತೋರಿಸಬೇಡಿ; ಇದು ಅದರ ಒಂದು ಬಾಗಿಲು, ಬೇರೆಯವೂ ಇವೆ ಎಂದು ಹೇಳಿ.

ಆ ಅಂಗಡಿಯ ಹುಡುಗನ ವಿಷಯ ಮರೆತೆ. ಅಂದು ಅವನ ಪಕ್ಕದಲ್ಲೇ ಕುಳಿತು ಹನ್ನೆರಡರಲ್ಲಿ ಹನ್ನೊಂದನ್ನು ತೆಗೆಸಿದೆ. ಒಂದನ್ನು ಅವನು ಬಿಡಲಿಲ್ಲ: "ಇದು ಇರ್ಲಿ ಸರ, ಇದು ಏನ್ ಮಾಡ್ತದ ನನಗ ಗೊತ್ತದ" ಎಂದ. ಅದೇನೆಂದು ನಾನು ಕೇಳಲಿಲ್ಲ. ಅವನಿಗೆ ಗೊತ್ತಿದ್ದರೆ ಸಾಕಿತ್ತು.