ರಾಜೀನಾಮೆಗೆ ಮೊದಲು ರಜೆ

ಬೆಂಗಳೂರಿನ ಐಟಿ ಕಂಪನಿಗಳಲ್ಲಿ ಮೂರು ತಿಂಗಳ ನೋಟಿಸ್ ಪೀರಿಯಡ್ ಮಾಮೂಲು. ಒತ್ತಡ ತಾಳಲಾರದೆ ರಾಜೀನಾಮೆ ಕೊಟ್ಟವರು ಅದೇ ಕುರ್ಚಿಯಲ್ಲಿ, ಅದೇ ಮ್ಯಾನೇಜರ್ ಕೈಕೆಳಗೆ ಇನ್ನೂ 90 ದಿನ ದುಡಿಯುತ್ತಾರೆ. ತಮ್ಮ ಕೆಲಸವನ್ನು ಹೊಸಬರಿಗೆ ಕಲಿಸಿಕೊಡುವ ಹೊರೆ ಬೇರೆ. ಇವರಲ್ಲಿ ಎಷ್ಟೋ ಜನ ಅದಕ್ಕೂ ಮುಂಚೆ ಒಂದು ತಿಂಗಳ ರಜೆ ಕೇಳುವ ಗೋಜಿಗೇ ಹೋಗಿರುವುದಿಲ್ಲ. ಕೇಳಿದರೆ ಏನಂದುಕೊಳ್ಳುತ್ತಾರೋ ಎಂಬ ಸಂಕೋಚ. ಮೂವತ್ತು ದಿನ ಕೇಳಲು ನಾಚಿ ತೊಂಬತ್ತು ದಿನ ತೆರುವ ವ್ಯವಹಾರವಿದು.

ಈ ಕರಪತ್ರದ ವಾದ ಇಷ್ಟೇ. ದುಡಿದು ದುಡಿದು ಬತ್ತಿಹೋದವರು ಮೊದಲು ವೈದ್ಯರ ಬಳಿ ಹೋಗಲಿ, ವೈದ್ಯಕೀಯ ರಜೆ ಪಡೆಯಲಿ, ನಿದ್ದೆ ಮಾಡಲಿ. ಕೆಲಸ ಬಿಡಬೇಕೋ ಬೇಡವೋ ಎಂಬುದನ್ನು ಆಮೇಲೆ ನೋಡಿಕೊಳ್ಳಬಹುದು.

ಕೆಲಸದಿಂದ ಬರುವ ಈ ಬಳಲಿಕೆಯನ್ನು ಮನಶ್ಶಾಸ್ತ್ರಜ್ಞ ಹರ್ಬರ್ಟ್ ಫ್ರಾಯ್ಡನ್‌ಬರ್ಗರ್ 1974ರಲ್ಲಿ 'ಬರ್ನ್‌ಔಟ್' ಎಂದು ಕರೆದು ಬರೆದರು. ಅವರು ಅದನ್ನು ಕಂಡದ್ದು ಸೋಮಾರಿಗಳಲ್ಲಲ್ಲ. ನ್ಯೂಯಾರ್ಕಿನ ಉಚಿತ ಚಿಕಿತ್ಸಾಲಯವೊಂದರಲ್ಲಿ ಮೈಮುರಿದು ದುಡಿಯುತ್ತಿದ್ದ ಸ್ವಯಂಸೇವಕರಲ್ಲಿ. ಮೈಗಳ್ಳರಿಗೆ ಬರ್ನ್‌ಔಟ್ ಬರುವುದು ಅಪರೂಪ. ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಅಂಗೀಕರಿಸಿದ ರೋಗಗಳ ವರ್ಗೀಕರಣದಲ್ಲಿ ಇದಕ್ಕೆ ಮೂರು ಲಕ್ಷಣ ಹೇಳಿದೆ. ಶಕ್ತಿಯೆಲ್ಲ ಬಸಿದುಹೋದ ಸುಸ್ತು, ಕೆಲಸದ ಬಗ್ಗೆ ಜಿಗುಪ್ಸೆ ಅಥವಾ ಮನಸ್ಸು ದೂರ ಸರಿದಿರುವುದು, ತನ್ನ ಕೈಲಿ ಏನೂ ಆಗುತ್ತಿಲ್ಲ ಎಂಬ ಭಾವನೆ. ಕಾರಣವನ್ನೂ ಅದು ಹೇಳುತ್ತದೆ: ಕೆಲಸದ ಜಾಗದಲ್ಲಿ ಸರಿಯಾಗಿ ನಿಭಾಯಿಸದೆ ಉಳಿದ, ದೀರ್ಘಕಾಲದ ಒತ್ತಡ.

ದಿನನಿತ್ಯದಲ್ಲಿ ಅದು ಹೀಗೆ ಕಾಣಿಸುತ್ತದೆ. ಭಾನುವಾರ ಸಂಜೆ ಐದಾಗುತ್ತಲೇ ಹೊಟ್ಟೆಯಲ್ಲಿ ಸಂಕಟ. ಒಂದೇ ಮೇಲ್ ಅನ್ನು ನಾಲ್ಕು ಸಲ ಓದಿದರೂ ತಲೆಗೆ ಹತ್ತುವುದಿಲ್ಲ. ರಾತ್ರಿ ಎರಡಕ್ಕೆ ಎಚ್ಚರವಾಗಿ ಕೈ ತಾನಾಗಿ ಫೋನ್ ಹುಡುಕುತ್ತದೆ, ಯಾವುದೋ ಪ್ರೊಡಕ್ಷನ್ ಸರ್ವರ್ ಬಿದ್ದಿರಬಹುದೆಂದು. ಮಗು ಏನೋ ಕೇಳಿದರೆ ವಿನಾಕಾರಣ ರೇಗುವುದು, ಆಮೇಲೆ ಅದಕ್ಕೇ ನೊಂದುಕೊಳ್ಳುವುದು. ಊರಿಗೆ ಹೋದರೆ ಅಲ್ಲಿ ಇನ್ನೊಂದು ಮಾತು ಕಾದಿರುತ್ತದೆ: "ಎಸಿ ರೂಮಲ್ಲಿ ಕೂತು ಮಾಡೋ ಕೆಲಸಕ್ಕೆ ಎಂಥಾ ಸುಸ್ತಪ್ಪಾ?"

ಎಂಥಾ ಸುಸ್ತು ಎಂಬುದಕ್ಕೆ ಉತ್ತರವಿದೆ. ವಿಶ್ವ ಆರೋಗ್ಯ ಸಂಸ್ಥೆ ಮತ್ತು ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆ 2021ರಲ್ಲಿ ಜಂಟಿ ಅಧ್ಯಯನವೊಂದನ್ನು ಪ್ರಕಟಿಸಿದವು. ವಾರಕ್ಕೆ 35ರಿಂದ 40 ಗಂಟೆ ದುಡಿಯುವವರಿಗೆ ಹೋಲಿಸಿದರೆ 55 ಗಂಟೆ ಅಥವಾ ಅದಕ್ಕಿಂತ ಹೆಚ್ಚು ದುಡಿಯುವವರಿಗೆ ಪಾರ್ಶ್ವವಾಯುವಿನ ಅಪಾಯ ಶೇ. 35 ಹೆಚ್ಚು, ಹೃದಯದ ರಕ್ತನಾಳದ ಕಾಯಿಲೆಯಿಂದ ಸಾಯುವ ಅಪಾಯ ಶೇ. 17 ಹೆಚ್ಚು. 2016ನೇ ಇಸವಿಯೊಂದರಲ್ಲೇ ಜಗತ್ತಿನಲ್ಲಿ ಸುಮಾರು 7.45 ಲಕ್ಷ ಜನ ಹೀಗೆ ಸತ್ತರೆಂಬುದು ಅವರ ಅಂದಾಜು.

ಈ ಅಂಕಿ ಹೊರಬಂದ ಎರಡೇ ವರ್ಷಕ್ಕೆ, 2023ರಲ್ಲಿ, ಇನ್ಫೋಸಿಸ್ ಸಹಸ್ಥಾಪಕ ಎನ್. ಆರ್. ನಾರಾಯಣಮೂರ್ತಿಯವರು ಯುವಜನರಿಗೆ ವಾರಕ್ಕೆ 70 ಗಂಟೆ ದುಡಿಯಲು ಹೇಳಿದರು. 2025ರ ಜನವರಿಯಲ್ಲಿ ಎಲ್ ಅಂಡ್ ಟಿ ಮುಖ್ಯಸ್ಥ ಎಸ್. ಎನ್. ಸುಬ್ರಹ್ಮಣ್ಯನ್ ಅದನ್ನು 90ಕ್ಕೆ ಏರಿಸಿದರು. ವಾರಕ್ಕೊಂದು ರಜೆ ಬಿಟ್ಟು ಲೆಕ್ಕ ಹಾಕಿದರೆ 90 ಗಂಟೆ ಎಂದರೆ ದಿನಕ್ಕೆ 15 ತಾಸು. ಸಿಲ್ಕ್ ಬೋರ್ಡ್ ಜಂಕ್ಷನ್‌ನ ಟ್ರಾಫಿಕ್‌ನಲ್ಲಿ ನಿಂತು ಕಳೆಯುವ ಹೊತ್ತು ಇದರಲ್ಲಿ ಸೇರಿಲ್ಲ. ಈ ಎರಡು ಹೇಳಿಕೆಗಳ ನಡುವೆಯೇ, 2024ರ ಜುಲೈನಲ್ಲಿ, ಪುಣೆಯಲ್ಲಿ 26 ವರ್ಷದ ಚಾರ್ಟರ್ಡ್ ಅಕೌಂಟೆಂಟ್ ಹೆಣ್ಣುಮಗಳೊಬ್ಬಳು ತೀರಿಕೊಂಡಳು. ಕೆಲಸಕ್ಕೆ ಸೇರಿ ನಾಲ್ಕೇ ತಿಂಗಳಾಗಿತ್ತು. ಕೆಲಸದ ಹೊರೆಯೇ ಮಗಳನ್ನು ಬಲಿ ತೆಗೆದುಕೊಂಡಿತೆಂದು ತಾಯಿ ಕಂಪನಿಯ ಮುಖ್ಯಸ್ಥರಿಗೆ ಪತ್ರ ಬರೆದರು. ಪತ್ರ ದೇಶವೆಲ್ಲ ಹರಡಿತು, ರಾಷ್ಟ್ರೀಯ ಮಾನವ ಹಕ್ಕುಗಳ ಆಯೋಗ ತಾನಾಗಿಯೇ ಪ್ರಕರಣ ಕೈಗೆತ್ತಿಕೊಂಡಿತು.

ಇನ್ನು ಕಾನೂನು. ಇಲ್ಲೊಂದು ವಿಚಿತ್ರವಿದೆ.

ಪೀಣ್ಯದ ಗಾರ್ಮೆಂಟ್ಸ್‌ನಲ್ಲಿ ಹೊಲಿಗೆ ಮೆಷಿನ್ ಮುಂದೆ ಕೂರುವ ಹೆಣ್ಣುಮಗಳು ನೌಕರರ ರಾಜ್ಯ ವಿಮೆಯ (ಇಎಸ್‌ಐ) ವ್ಯಾಪ್ತಿಯಲ್ಲಿದ್ದಾಳೆ. 2017ರಿಂದ ಅದರ ಸಂಬಳದ ಮಿತಿ ತಿಂಗಳಿಗೆ 21,000 ರೂಪಾಯಿ. ಅವಳ ಸಂಬಳದಿಂದ ಶೇ. 0.75 ಮುರಿದುಕೊಳ್ಳುತ್ತಾರೆ, ಮಾಲೀಕರು ಶೇ. 3.25 ಸೇರಿಸುತ್ತಾರೆ. ಕಾಯಿಲೆ ಬಿದ್ದರೆ ವರ್ಷಕ್ಕೆ 91 ದಿನದವರೆಗೆ ದಿನಗೂಲಿಯ ಶೇ. 70ರಷ್ಟನ್ನು ಇಎಸ್‌ಐ ನಿಗಮವೇ ಕೊಡುತ್ತದೆ. ಆರು ತಿಂಗಳ ವಂತಿಗೆ ಅವಧಿಯಲ್ಲಿ 78 ದಿನ ದುಡಿದಿರಬೇಕು, ಮೊದಲ ಎರಡು ದಿನಕ್ಕೆ ಹಣವಿಲ್ಲ. ಮನೋವ್ಯಾಧಿಯ ತೀವ್ರ ರೂಪವಾದ ಸೈಕೋಸಿಸ್‌ನಂಥ ದೀರ್ಘ ಕಾಯಿಲೆಗಳ ಪಟ್ಟಿಯೇ ಬೇರೆ ಇದ್ದು, ಅವಕ್ಕೆ ಶೇ. 80ರ ಲೆಕ್ಕದಲ್ಲಿ ಎರಡು ವರ್ಷದವರೆಗೂ ಹಣ ಸಿಗುವ ಏರ್ಪಾಡಿದೆ. ಕಾಯಿಲೆಯ ಸೌಲಭ್ಯ ಪಡೆಯುತ್ತಿರುವ ನೌಕರರನ್ನು ಕೆಲಸದಿಂದ ತೆಗೆಯುವಂತಿಲ್ಲ, ಶಿಕ್ಷಿಸುವಂತಿಲ್ಲ ಎಂದು 1948ರ ಇಎಸ್‌ಐ ಕಾಯ್ದೆಯಲ್ಲೇ ಬರೆದಿದ್ದರು.

ಅದೇ ಊರಿನ ವೈಟ್‌ಫೀಲ್ಡ್‌ನಲ್ಲಿ ತಿಂಗಳಿಗೆ ಒಂದೂವರೆ ಲಕ್ಷ ಎಣಿಸುವ ಇಂಜಿನಿಯರ್‌ಗೆ ಇದ್ಯಾವುದೂ ಇಲ್ಲ. ಅವನಿಗೆ ಅನ್ವಯಿಸುವುದು 1961ರ ಕರ್ನಾಟಕ ಅಂಗಡಿ ಮತ್ತು ವಾಣಿಜ್ಯ ಸಂಸ್ಥೆಗಳ ಕಾಯ್ದೆ. ಅದರ ಪ್ರಕಾರ ದಿನಕ್ಕೆ 9 ಗಂಟೆ, ವಾರಕ್ಕೆ 48 ಗಂಟೆ ಕೆಲಸ. ಕಾಯಿಲೆ, ಅಪಘಾತ ಅಥವಾ ಇನ್ನಾವುದೇ ಸಕಾರಣಕ್ಕೆ ವರ್ಷಕ್ಕೆ 12 ದಿನ ಸಂಬಳಸಹಿತ ರಜೆ. ಇದಲ್ಲದೆ ದುಡಿದ ಪ್ರತಿ 20 ದಿನಕ್ಕೆ ಒಂದು ಗಳಿಕೆ ರಜೆ. ಅದನ್ನು 45 ದಿನದವರೆಗೆ ಕೂಡಿಡಬಹುದು. ಮೂರ್ನಾಲ್ಕು ವರ್ಷ ಒಂದೇ ಕಡೆ ದುಡಿದು ರಜೆ ಬಳಸದೆ ಉಳಿಸಿಕೊಂಡವರ ಖಾತೆಯಲ್ಲಿ ಎರಡೂ ಸೇರಿ ಒಂದೂವರೆ ತಿಂಗಳು ಬಿದ್ದಿರುವುದುಂಟು. ಎಚ್‌ಆರ್ ಪೋರ್ಟಲ್‌ನಲ್ಲಿ ಆ ಅಂಕಿ ಪ್ರತಿದಿನ ಕಣ್ಣಿಗೆ ಬೀಳುತ್ತದೆ, ಆದರೆ ಅದನ್ನು ಮದುವೆಗೋ ಗೃಹಪ್ರವೇಶಕ್ಕೋ ಮಾತ್ರ ಮೀಸಲೆಂದು ಬಗೆಯುತ್ತಾರೆ. ಸರ್ಕಾರಿ ನೌಕರರ ಸ್ಥಿತಿ ಮೇಲು: ವರ್ಷಕ್ಕೆ 20 ದಿನ ಅರ್ಧವೇತನ ರಜೆ ಜಮೆಯಾಗುತ್ತದೆ, ವೈದ್ಯರ ಪ್ರಮಾಣಪತ್ರವಿದ್ದರೆ ಅದನ್ನು ಪೂರ್ಣ ಸಂಬಳದ ಪರಿವರ್ತಿತ ರಜೆಯಾಗಿ ಬಳಸಬಹುದು, ದಿನಗಳು ಮಾತ್ರ ಇಮ್ಮಡಿ ಕಳೆಯುತ್ತವೆ. ಡೆಲಿವರಿ ಹುಡುಗರ ಪಾಡಂತೂ ಹೇಳುವುದೇ ಬೇಡ, ಲಾಗಿನ್ ಆಗದ ದಿನ ಕಾಸಿಲ್ಲ. ಅವರ ಮಟ್ಟಿಗೆ ಈ ಕರಪತ್ರ ಸಾಲದು.

ವೈದ್ಯರ ಬಳಿ ಹೋಗುವುದೆಂದರೆ ನೇರ ಮನೋವೈದ್ಯರಲ್ಲಿಗೇ ಆಗಬೇಕಿಲ್ಲ. ಮನೆ ಹತ್ತಿರದ ಫಿಸಿಷಿಯನ್ ಮೊದಲು ಬಿಪಿ, ಶುಗರ್, ಥೈರಾಯಿಡ್, ಹಿಮೋಗ್ಲೋಬಿನ್, ಬಿ12 ನೋಡುತ್ತಾರೆ. ಬರ್ನ್‌ಔಟ್ ಅಂದುಕೊಂಡದ್ದು ಕೆಲವೊಮ್ಮೆ ಥೈರಾಯಿಡ್ ಆಗಿರುತ್ತದೆ, ಕೆಲವೊಮ್ಮೆ ಎರಡೂ ಇರುತ್ತವೆ. ಒಂದು ಸಂಗತಿ ತಿಳಿದಿರಬೇಕು: ವಿಶ್ವ ಆರೋಗ್ಯ ಸಂಸ್ಥೆಯ ವರ್ಗೀಕರಣದಲ್ಲಿ ಬರ್ನ್‌ಔಟ್ ಕಾಯಿಲೆಯಲ್ಲ, ಉದ್ಯೋಗಕ್ಕೆ ಸಂಬಂಧಿಸಿದ ವಿದ್ಯಮಾನ. ಆದ್ದರಿಂದ ವೈದ್ಯರು ಚೀಟಿಯಲ್ಲಿ ಸಾಮಾನ್ಯವಾಗಿ ಬರೆಯುವುದು ಖಿನ್ನತೆ, ಆತಂಕ, ನಿದ್ರಾಹೀನತೆ, ರಕ್ತದೊತ್ತಡ ಹೀಗೆ ನಿಜಕ್ಕೂ ಪತ್ತೆಯಾದದ್ದನ್ನು. ಕಾಯಿಲೆಯ ಹೆಸರು ಕಚೇರಿಗೆ ತಿಳಿಯುವುದು ಇಷ್ಟವಿಲ್ಲದವರು ಅದನ್ನು ವೈದ್ಯರಿಗೆ ಮೊದಲೇ ಹೇಳಬೇಕು. 'ಇಂಥ ದಿನದಿಂದ ಇಂಥ ದಿನದವರೆಗೆ ಕರ್ತವ್ಯಕ್ಕೆ ಅನರ್ಹರು, ವಿಶ್ರಾಂತಿ ಅಗತ್ಯ' ಎಂದಷ್ಟೇ ಬರೆದ ಪ್ರಮಾಣಪತ್ರಗಳೂ ಚಾಲ್ತಿಯಲ್ಲಿವೆ. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ ಚಿಕಿತ್ಸೆಯ ವಿವರ ಗುಟ್ಟಾಗಿರಬೇಕೆಂಬುದನ್ನು ರೋಗಿಯ ಹಕ್ಕಾಗಿಸಿದೆ. ದೇಹದ ಕಾಯಿಲೆಗೆ ವಿಮೆ ಕೊಡುವ ಕಂಪನಿಗಳು ಮನಸ್ಸಿನ ಕಾಯಿಲೆಗೂ ಅದೇ ರೀತಿ ಕೊಡಬೇಕೆಂದು ಹೇಳಿರುವುದೂ ಅದೇ ಕಾಯ್ದೆ. ಇಎಸ್‌ಐನವರು ಮಾತ್ರ ಖಾಸಗಿ ಚೀಟಿಯನ್ನು ನೆಚ್ಚಬಾರದು. ಡಿಸ್ಪೆನ್ಸರಿಗೆ ಅಥವಾ ರಾಜಾಜಿನಗರ, ಇಂದಿರಾನಗರದ ಇಎಸ್‌ಐ ಆಸ್ಪತ್ರೆಗೆ ಹೋಗಿ ಅಲ್ಲಿನ ವೈದ್ಯರ ಪ್ರಮಾಣಪತ್ರ ಪಡೆಯುವುದೇ ಸುಲಭದ ದಾರಿ.

ಅರ್ಜಿ ಚಿಕ್ಕದಾದಷ್ಟೂ ಒಳ್ಳೆಯದು. "ಅನಾರೋಗ್ಯದ ನಿಮಿತ್ತ ವೈದ್ಯರ ಸಲಹೆಯಂತೆ ಇಂದಿನಿಂದ ನಾಲ್ಕು ವಾರ ವೈದ್ಯಕೀಯ ರಜೆ ಕೋರುತ್ತೇನೆ. ಪ್ರಮಾಣಪತ್ರ ಲಗತ್ತಿಸಿದೆ. ಬಾಕಿ ಕೆಲಸದ ಪಟ್ಟಿ ಕೆಳಗಿದೆ." ಇಷ್ಟು ಸಾಕು. ಕ್ಷಮೆ ಬೇಡ, ಕಥೆ ಬೇಡ. ಕ್ಯಾಂಟೀನ್‌ನಲ್ಲಿ ಬಾಯಿಮಾತಲ್ಲಿ ಕೇಳುವುದಂತೂ ಬೇಡವೇ ಬೇಡ. ಮೇಲ್‌ನಲ್ಲಿ ಕೇಳಿದರೆ ತಾರೀಖು ದಾಖಲೆಯಲ್ಲಿ ಉಳಿಯುತ್ತದೆ. ರಜೆ ಸಾಲದಿದ್ದರೆ ಉಳಿದದ್ದು ಲಾಸ್ ಆಫ್ ಪೇ ಆಗುತ್ತದೆ, ಇಎಂಐ ಇದ್ದವರಿಗೆ ಅದು ಕಷ್ಟವೇ. ಆದರೆ ರಾಜೀನಾಮೆಯ ಲೆಕ್ಕವನ್ನೂ ಪಕ್ಕದಲ್ಲಿಟ್ಟು ನೋಡಬೇಕು. ಕಂಪನಿಯ ಗುಂಪು ವಿಮೆ ಸಾಮಾನ್ಯವಾಗಿ ಕೊನೆಯ ಕೆಲಸದ ದಿನಕ್ಕೇ ಮುಗಿಯುತ್ತದೆ, ಅಪ್ಪ ಅಮ್ಮನನ್ನು ಸೇರಿಸಿದ್ದರೆ ಅವರದೂ. ಕಾಯಂ ನೌಕರರಿಗೆ ಗ್ರಾಚ್ಯುಟಿ ಸಿಗಲು ಐದು ವರ್ಷ ತುಂಬಬೇಕು. ನಾಲ್ಕು ವರ್ಷಕ್ಕೆ ಬೇಸತ್ತು ಎದ್ದು ಬಂದವರು ವರ್ಷಕ್ಕೆ 15 ದಿನದ ಸಂಬಳದಂತೆ ಬರಬೇಕಾದ್ದನ್ನು ಬಿಟ್ಟುಕೊಟ್ಟಂತೆ. ಅಮೆರಿಕದಲ್ಲಿರುವ ಕನ್ನಡಿಗರಿಗೆ ಈ ಲೆಕ್ಕ ಇನ್ನೂ ಬಿಗಿ. ಎಚ್-1ಬಿ ವೀಸಾದವರು ಕೆಲಸ ಬಿಟ್ಟರೆ ಹೆಚ್ಚೆಂದರೆ 60 ದಿನದಲ್ಲಿ ಬೇರೆ ದಾರಿ ನೋಡಿಕೊಳ್ಳಬೇಕು. ಅದೇ ರಜೆ ಕೇಳಿದರೆ, ಅರ್ಹತೆಯಿದ್ದವರಿಗೆ ಅಲ್ಲಿನ 1993ರ ರಜೆ ಕಾಯ್ದೆಯಡಿ 12 ವಾರ ಉಂಟು. ಸಂಬಳವಿಲ್ಲ, ಕೆಲಸ ಉಳಿಯುತ್ತದೆ.

ರಜೆ ಕೇಳಿದವರನ್ನು ಪಿಐಪಿಗೆ (ಕಾರ್ಯಕ್ಷಮತೆ ಸುಧಾರಣಾ ಯೋಜನೆಗೆ) ಹಾಕುತ್ತಾರೆ, ಮುಂದಿನ ಲೇಆಫ್ ಪಟ್ಟಿಯಲ್ಲಿ ಹೆಸರಿರುತ್ತದೆ ಎಂಬ ಭಯ ಸುಳ್ಳಲ್ಲ. ಅಂಥ ಕಂಪನಿಗಳಿವೆ. ಅದಕ್ಕೇ ದಾಖಲೆ ಮುಖ್ಯ. ಕರ್ನಾಟಕ ಸರ್ಕಾರ ಐಟಿ ಕಂಪನಿಗಳಿಗೆ, ಕೆಲಸದ ಷರತ್ತುಗಳನ್ನು ಬರೆದಿಡಬೇಕೆನ್ನುತ್ತಿದ್ದ ಸ್ಟ್ಯಾಂಡಿಂಗ್ ಆರ್ಡರ್ಸ್ ಕಾಯ್ದೆಯಿಂದ ವಿನಾಯಿತಿ ಕೊಟ್ಟಾಗ ಹಾಕಿದ ಷರತ್ತುಗಳಲ್ಲಿ ಕುಂದುಕೊರತೆ ಸಮಿತಿ ಇರಬೇಕೆಂಬುದೂ ಒಂದು. ನೌಕರರನ್ನು ತೆಗೆದರೆ ಕಾರ್ಮಿಕ ಇಲಾಖೆಗೆ ತಿಳಿಸಬೇಕೆಂಬುದು ಇನ್ನೊಂದು. ಒಬ್ಬಂಟಿಯಾಗಿ ಕೇಳುವುದಕ್ಕಿಂತ ಸಂಘದ ಮೂಲಕ ಕೇಳುವುದು ಮೇಲು. 2024ರ ಜುಲೈನಲ್ಲಿ ದಿನಕ್ಕೆ 14 ಗಂಟೆ ಕೆಲಸಕ್ಕೆ ದಾರಿ ಮಾಡುವ ತಿದ್ದುಪಡಿ ಪ್ರಸ್ತಾವ ಬಂದಾಗ ಎದುರು ನಿಂತದ್ದು ಐಟಿ ನೌಕರರ ಸಂಘಟನೆ ಕೆಐಟಿಯು. ಪಿಎಫ್ ಹಿಂಪಡೆಯುವ ನಿಯಮ ಬಿಗಿ ಮಾಡಿದಾಗ 2016ರ ಏಪ್ರಿಲ್‌ನಲ್ಲಿ ಬೆಂಗಳೂರಿನ ರಸ್ತೆಗಿಳಿದು ಕೇಂದ್ರ ಸರ್ಕಾರವೇ ಹಿಂದೆ ಸರಿಯುವಂತೆ ಮಾಡಿದ್ದು ಗಾರ್ಮೆಂಟ್ಸ್ ಹೆಣ್ಣುಮಕ್ಕಳು. ಇಂಗ್ಲಿಷ್ ಮೇಲ್ ಬರೆಯಬಲ್ಲ ಇಂಜಿನಿಯರ್‌ಗಳು ಅವರಿಂದ ಕಲಿಯುವುದಿದೆ.

ರಜೆ ಸಿಕ್ಕಿತೆನ್ನೋಣ. ಮೊದಲ ವಾರ ಬರೀ ನಿದ್ದೆಯಲ್ಲೇ ಹೋದರೆ ಗಾಬರಿ ಬೇಡ. ಆಫೀಸಿನ ಮೇಲ್, ಟೀಮ್ಸ್, ವಾಟ್ಸ್ಯಾಪ್ ಗುಂಪು ಫೋನಿನಿಂದ ತೆಗೆಯಬೇಕು. ಅವು ಉಳಿದರೆ ರಜೆಯೆಂಬುದು ಸಂಬಳ ಕಡಿತದ ವರ್ಕ್ ಫ್ರಮ್ ಹೋಮ್ ಆಗುತ್ತದೆ. ಧರ್ಮಸ್ಥಳ, ಗೋಕರ್ಣ ಸುತ್ತಿ ಬಂದರೆ ಮೈಮನಸ್ಸಿಗೆ ಹಿತವೇ, ಆದರೆ ಖಿನ್ನತೆ ಇದ್ದರೆ ಅದಕ್ಕೆ ಔಷಧಿಯೋ ಆಪ್ತಸಲಹೆಯೋ ಬೇಕು. 14416ಕ್ಕೆ ಕರೆ ಮಾಡಿದರೆ ಟೆಲಿ ಮಾನಸ್ ಸಹಾಯವಾಣಿ ಕನ್ನಡದಲ್ಲೇ, ಹಗಲು ರಾತ್ರಿ, ದುಡ್ಡಿಲ್ಲದೆ ಸಿಗುತ್ತದೆ. 2022ರ ಅಕ್ಟೋಬರ್‌ನಲ್ಲಿ ಶುರುವಾದ ಇದರ ಕೇಂದ್ರಸ್ಥಾನ ನಿಮ್ಹಾನ್ಸ್. ಬದುಕೇ ಸಾಕು ಎಂಬ ಯೋಚನೆ ಸುಳಿದವರು ರಜೆ ಮಂಜೂರಾಗಲೆಂದು ಕಾಯದೆ ಅಂದೇ ಆ ನಂಬರಿಗೆ ಕರೆ ಮಾಡಬೇಕು ಅಥವಾ ಹತ್ತಿರದ ಆಸ್ಪತ್ರೆಗೆ ಹೋಗಬೇಕು, ಮನೆಯವರು ಜೊತೆಗಿರಬೇಕು. ತಾಲ್ಲೂಕು ಆಸ್ಪತ್ರೆಗಳಲ್ಲಿ ಮನೋಚೈತನ್ಯ ಕಾರ್ಯಕ್ರಮದಡಿ ಮಂಗಳವಾರ ಮನೋವೈದ್ಯರ ಕ್ಲಿನಿಕ್ ನಡೆಸುವ ಏರ್ಪಾಡಿದೆ.

ಮರಳುವಾಗ ಮ್ಯಾನೇಜರ್ ಜೊತೆ ಒಂದು ಮಾತು ಲಿಖಿತವಾಗಿ ಆಗಬೇಕು: ಮೊದಲು ಮಾಡುತ್ತಿದ್ದ ಕೆಲಸದಲ್ಲಿ ಯಾವುದು ಕೈಬಿಟ್ಟಿತು? ಏನೂ ಕೈಬಿಟ್ಟಿಲ್ಲವೆಂದರೆ, ಇಬ್ಬರು ಮಾಡುವುದನ್ನು ಮತ್ತೆ ಒಬ್ಬರೇ ಹೊರುವುದಾದರೆ, ಆರು ತಿಂಗಳಿಗೆ ಅದೇ ಆಸ್ಪತ್ರೆ, ಅದೇ ಚೀಟಿ. ಆಗ ಬೇರೆ ಕೆಲಸ ಹುಡುಕುವುದೇ ಸರಿ. ಯೋಗಾ ತರಗತಿ, ಹಣ್ಣಿನ ಬುಟ್ಟಿ, 'ವೆಲ್‌ನೆಸ್ ಶುಕ್ರವಾರ' ಏರ್ಪಡಿಸುವ ಕಂಪನಿಗಳು ಖಾಲಿ ಹುದ್ದೆ ತುಂಬಿದರೆ ಹೆಚ್ಚು ಉಪಕಾರವಾದೀತು.

ಸರ್ಕಾರದ ಪಾಲಿನ ಕೆಲಸವೂ ಬಾಕಿಯಿದೆ. 2025ರ ಜೂನ್‌ನಲ್ಲಿ ಕೆಲಸದ ಅವಧಿಯನ್ನು ದಿನಕ್ಕೆ 10 ಗಂಟೆಗೆ, ಓಟಿ ಸೇರಿ 12ಕ್ಕೆ ಏರಿಸುವ ಪ್ರಸ್ತಾವವನ್ನು ಕಾರ್ಮಿಕ ಇಲಾಖೆ ಚರ್ಚೆಗೆ ತಂದಿತು. ಗಂಟೆಯ ಕಲಮನ್ನು ತಿದ್ದಲು ಪದೇ ಪದೇ ಹೊರಡುವವರು ರಜೆಯ ಕಲಮಿನತ್ತ ಕಣ್ಣು ಹಾಯಿಸುವುದಿಲ್ಲ. ಅಂಗಡಿ ಮತ್ತು ವಾಣಿಜ್ಯ ಸಂಸ್ಥೆಗಳ ಕಾಯ್ದೆಯ 12 ದಿನವನ್ನು 30ಕ್ಕೆ ಏರಿಸಬೇಕು. ನಾಲ್ಕು ವಾರ ಮೀರಿದ ಕಾಯಿಲೆಗೆ, ಸಂಬಳ 21,000 ದಾಟಿದವರಿಗೂ, ಇಎಸ್‌ಐ ಮಾದರಿಯ ನಿಧಿಯೊಂದನ್ನು ಮಾಲೀಕರ ವಂತಿಗೆಯಿಂದ ಕಟ್ಟಬೇಕು. ವೈದ್ಯಕೀಯ ರಜೆಯಲ್ಲಿದ್ದವರನ್ನು ಆ ಅವಧಿಯಲ್ಲಿ ತೆಗೆಯಬಾರದೆಂಬ ನಿಯಮ ಐಟಿಗೂ ಬರಬೇಕು. ಮುಂದಿನ ಅಧಿವೇಶನಕ್ಕೆ ಮುನ್ನ ಈ ಮೂರು ಬೇಡಿಕೆಗಳನ್ನು ತಂತಮ್ಮ ಕ್ಷೇತ್ರದ ಶಾಸಕರಿಗೆ ಸಹಿಹಾಕಿ ತಲುಪಿಸುವ ಕೆಲಸ ಪ್ರತಿ ಅಪಾರ್ಟ್‌ಮೆಂಟ್ ಸಂಘ, ಪ್ರತಿ ಕ್ಯಾಬ್ ಗುಂಪು ಮಾಡಬಹುದಾದದ್ದು.